ಚಾರ್ಮಾಡಿ ಹತ್ತಿದ ರಂಬುಟಾನ್

"ಈ ಲೋಡ್ ಹೀಗೆ ಹೊರಡುವುದಿಲ್ಲ!"

ವಿಸ್ಮಿತಾ ಒಡೆದ ತೆಂಗಿನಕಾಯಿಯ ಹೋಳು ಕೈಯಲ್ಲಿರುವಂತೆಯೇ ಗಕ್ಕನೆ ತಿರುಗಿದಳು.

ಲಾರಿಯ ಮುಂದೆ ಸೇವಂತಿಗೆ ಮಾಲೆ ಹಾಕಿಯಾಗಿತ್ತು. ವಾಮದಪದವಿನ ರಂಬುಟಾನ್ ಬೆಳೆಗಾರರೆಲ್ಲ ಶೆಡ್ಡಿನ ಎದುರು ಕೈಮುಗಿದು ನಿಂತಿದ್ದರು. ಊರಿನಿಂದ ಬೆಂಗಳೂರಿಗೆ ಹೊರಟ ಮೊದಲ ಲೋಡು! ಅಂಥ ಹೊತ್ತಿನಲ್ಲಿ ಬಿಳಿ ಅಂಗಿಯ ತೋಳು ಮಡಚಿದ ಯುವಕನೊಬ್ಬ ಹಣ್ಣಿನ ಪೆಟ್ಟಿಗೆಯೊಳಗೆ ಕೈ ಹಾಕಿ ನಿಂತಿದ್ದ.

"ಯಾರು ನೀವು?"

"ಅಂಕಿತ್. ಮೂಡುಬಿದಿರೆಯ ಸನ್ಮತಿ ಲಾಜಿಸ್ಟಿಕ್ಸ್. ಲಾರಿ ನಮ್ಮದು."

"ಹಾಗಾದ್ರೆ ನೀವು ಲಾರಿ ನೋಡಿಕೊಳ್ಳಿ. ಹಣ್ಣು ನಾವು ನೋಡ್ತೇವೆ."

"ಹಣ್ಣು ಬೆಚ್ಚಗುಂಟು ಮೇಡಂ. ಬಿಸಿಲಲ್ಲಿ ಕೊಯ್ದು ಹಾಗೇ ತುಂಬಿಸಿದ್ದೀರಿ. ತಂಪು ಲಾರಿ ತಂಪಾದದ್ದನ್ನು ತಂಪಾಗಿ ಇಡ್ತದೆ, ಅಷ್ಟೇ. ಬೆಚ್ಚಗಿರುವುದನ್ನು ತಂಪು ಮಾಡ್ಲಿಕ್ಕೆ ಅದರಿಂದ ಆಗುವುದಿಲ್ಲ. ಬೆಂಗಳೂರು ಮುಟ್ಟುವಾಗ ಸಿಪ್ಪೆ ಕಪ್ಪಾಗ್ತದೆ."

ವಿಸ್ಮಿತಾಳ ಮುಖ ಕೆಂಪಾಯಿತು. ಅವಳು ತೋಟಗಾರಿಕೆ ಓದಿದವಳು. ರಬ್ಬರ್ ಕಡಿಸಿ ರಂಬುಟಾನ್ ನೆಡುವಂತೆ ಇಡೀ ಊರನ್ನು ಒಪ್ಪಿಸಿದವಳು. ಅವಳಿಗೆ ಹಣ್ಣಿನ ಪಾಠ ಹೇಳಲು ಬಂದ ಲಾರಿಯವ!

"ಮಿಜಾರಿನಲ್ಲಿ ನಮ್ಮ ತಂಪು ಕೋಣೆ ಉಂಟು," ಅಂಕಿತ್ ಸ್ವರ ಏರಿಸದೆ ಹೇಳಿದ. "ಅಲ್ಲಿ ಇಳಿಸಿ, ತಂಪು ಮಾಡಿ, ಆಮೇಲೆ ದೊಡ್ಡ ಲಾರಿಗೆ ಹಾಕುವ."

ಆಗ ಬಾಯಿ ಹಾಕಿದ್ದು ಅವಳ ಅಜ್ಜ ನೋಣಯ್ಯ, ಬೆಳೆಗಾರರಲ್ಲೇ ಹಿರಿಯರು. "ಅದಾಗುವುದಿಲ್ಲ ಮಾರಾಯ. ಕಾಯಿ ಒಡೆದ ಲಾರಿಯಿಂದ ನಡುದಾರಿಯಲ್ಲಿ ಮಾಲು ಇಳಿಸುವ ಕ್ರಮ ನಮ್ಮಲ್ಲಿಲ್ಲ. ಇಲ್ಲಿ ಹತ್ತಿದ್ದು ಮಾರ್ಕೆಟಿನಲ್ಲೇ ಇಳಿಯಬೇಕು."

ಅಂಕಿತ್ ಅಜ್ಜನನ್ನು ನೋಡಿದ. ಮಾಲೆಯನ್ನು ನೋಡಿದ. ಕೊನೆಗೆ ತಲೆಯಾಡಿಸಿದ. "ಆಯ್ತು ಅಜ್ಜ."

ಹಿರಿಯರೆದುರು ವಾದ ಮಾಡದೆ 'ಆಯ್ತು' ಅನ್ನುವುದು, ಆಮೇಲೆ ತನಗೆ ಸರಿ ಕಂಡದ್ದನ್ನೇ ಮಾಡುವುದು ನಮ್ಮ ಕಡೆಯ ಹಳೇ ಚಾಳಿ. ಅದರಿಂದ ಎಷ್ಟು ಮನೆಗಳಲ್ಲಿ ಪಾತ್ರೆ ಹಾರಿಲ್ಲ! ಆದರೂ ಬುದ್ಧಿ ಬಂದಿಲ್ಲ.

ಲಾರಿ ಹೊರಟಿತು. ವಿಸ್ಮಿತಾ ಗೆದ್ದೆ ಅಂದುಕೊಂಡಳು.

ಮರುದಿನ ಹಣ್ಣು ಚೆನ್ನಾಗಿಯೇ ಮುಟ್ಟಿತು ಎಂದು ಸುದ್ದಿ ಬಂದಾಗ ಅವಳು ಮನಸ್ಸಲ್ಲೇ ಹೇಳಿಕೊಂಡಳು... 'ಕಪ್ಪಾಗ್ತದೆ ಅಂದ್ರಲ್ಲ, ಈಗ ಎಂತ ಹೇಳ್ತೀರಿ ಸ್ವಾಮೀ?'

ಆದರೂ ಅಪಾಯ ದೂರವಾಗಿರಲಿಲ್ಲ. ಬೆಂಗಳೂರಿನ ದೊಡ್ಡ ಅಂಗಡಿ ಸರಣಿಯ ಖರೀದಿ ನೋಡಿಕೊಳ್ಳುವ ತ್ರಿಶಾ ಮೊದಲೇ ಖಡಾಖಂಡಿತವಾಗಿ ಹೇಳಿದ್ದರು. ಈ ಮಳೆಗಾಲದ ಲೋಡುಗಳೆಲ್ಲ ಸರಿಯಾಗಿ ಬಂದರೆ ಇನ್ನು ವರ್ಷ ವರ್ಷವೂ ವಾಮದಪದವಿನ ಹಣ್ಣೇ. ಒಂದು ಲೋಡು ಕೆಟ್ಟರೂ ನಮಸ್ಕಾರ. ಹಾಗಾದರೆ ಬೆಳೆಗಾರರು ಮರ ಕಡಿದು ಮತ್ತೆ ರಬ್ಬರ್ ನೆಡುತ್ತಾರೆ. ಆಮೇಲೆ ವಿಸ್ಮಿತಾಳ ಮಾತಿಗೆ ಊರಲ್ಲಿ ಮೂರು ಕಾಸಿನ ಬೆಲೆಯಿರುವುದಿಲ್ಲ.

ಅಂಕಿತ್ ಮಾತ್ರ ಬಿಡಲಿಲ್ಲ. ಬೆಳೆಗಾರರ ಸಭೆಗೇ ಬಂದು ಕುಳಿತ.

"ಲಾರಿಯವರಿಗೆ ಸಭೆಯಲ್ಲಿ ಎಂತ ಕೆಲಸ?" ವಿಸ್ಮಿತಾ ಕೇಳಿಯೇ ಬಿಟ್ಟಳು.

"ಅದೇ ತಪ್ಪು ಆಗ್ತಿರುವುದು," ಅವನು ನಕ್ಕ. "ಎಲ್ಲರೂ ಕೊಯ್ದು, ತುಂಬಿಸಿ, ಮಾರಾಟ ಮಾತಾಡಿ, ಕೊನೆಗೆ ಲಾರಿಗೆ ಫೋನ್ ಮಾಡ್ತಾರೆ. ಕೊಯ್ಯುವ ಮೊದಲೇ ನನ್ನನ್ನು ಕೇಳಿ ನೋಡಿ. ಯಾವ ದಿನ ಅಲ್ಲಿ ಹಣ್ಣು ಬೇಕು, ಯಾವ ದಾರಿ ತೆರೆದುಂಟು, ಎಷ್ಟು ಜಾಗ ಉಂಟು, ನಾನು ಹೇಳ್ತೇನೆ. ಅದಕ್ಕೆ ಸರಿಯಾಗಿ ಯಾವ ತೋಟ ಮೊದಲು ಕೊಯ್ಯಬೇಕು ಅಂತ ನೀವು ಹೇಳಿ. ಅದು ನನಗೆ ಗೊತ್ತಿಲ್ಲ. ನಿಮಗೆ ಮಾತ್ರ ಗೊತ್ತು."

ಕೊನೆಯ ಮಾತಿಗೆ ಅವಳ ಕೋಪ ಅರ್ಧ ಕರಗಿತು. ಉಳಿದರ್ಧ ಮುಂದಿನ ವಾರಗಳಲ್ಲಿ ಕರಗಿತು. ದಿನಾ ಬೆಳಗ್ಗೆ ಫೋನು. ಮೊದಮೊದಲು ಹಣ್ಣಿನ ಮಾತು, ಆಮೇಲೆ ಮಳೆಯ ಮಾತು, ಆಮೇಲೆ 'ತಿಂಡಿ ಆಯ್ತಾ?'

ನಮ್ಮ ಕಡೆ ಯಾವ ಗಂಡಸನ್ನು ಕರೆಯುವುದಾದರೂ ಹೆಸರಿಗೆ ಅಣ್ಣ ಸೇರಿಸಿದರೆ ಮುಗಿಯಿತು. ಅಂಕಿತ್‌ನ ಲಾರಿಯ ಡ್ರೈವರ್ ನಿಝಾರ್ ಅವಳಿಗೆ ನಿಝಾರಣ್ಣ. ಆದರೆ 'ಅಂಕಿತಣ್ಣ' ಎನ್ನಲು ನಾಲಿಗೆ ಏಕೋ ಒಪ್ಪಲೇ ಇಲ್ಲ.

'ಅಯ್ಯೋ ದೇವರೇ... ಇದು ಎಂತ ಆಗ್ತಾ ಉಂಟು ನನಗೆ?'

ಅಷ್ಟರಲ್ಲೇ ಆಗಬಾರದ್ದು ಆಯಿತು.

ಮಿಜಾರಿನ ಕಾಲೇಜೊಂದರಲ್ಲಿ ಹಣ್ಣಿನ ಕೃಷಿಯ ಬಗ್ಗೆ ಮಾತಾಡಲು ಅವಳನ್ನು ಕರೆದಿದ್ದರು. ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ರಸ್ತೆಯಾಚೆಯ ಗೋದಾಮಿನ ಅಂಗಳದತ್ತ ಕಣ್ಣು ಹೋಯಿತು.

ಬೆಳಗ್ಗೆ ಅಜ್ಜ ಮಾಲೆ ಹಾಕಿದ್ದ ಲಾರಿ ಖಾಲಿಯಾಗಿ ನಿಂತಿತ್ತು. ವಾಮದಪದವಿನ ನೀಲಿ ಪಟ್ಟಿಯ ಪೆಟ್ಟಿಗೆಗಳು ಬೇರೊಂದು ಲಾರಿಗೆ, ಬೇರೆ ಯಾರದೋ ಮಾಲಿನ ಪಕ್ಕ ಏರುತ್ತಿದ್ದವು!

'ಬೆಂಗಳೂರಿಗೆ ಹೋಗಬೇಕಾದ ಹಣ್ಣಿಗೆ ಇಲ್ಲೆಂತ ಕೆಲಸ? ಅಜ್ಜನ ಮುಂದೆ ಆಯ್ತು ಅಂದವ...!'

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಗಾದೆಯೇನೋ ಉಂಟು. ಕೋಪ ಬಂದಾಗ ಗಾದೆ ಯಾರಿಗೆ ನೆನಪಾಗುತ್ತದೆ? ಅವಳು ರಸ್ತೆ ದಾಟಿ ನೇರ ಅಂಗಳಕ್ಕೆ ನುಗ್ಗಿದಳು.

"ನಮ್ಮ ಹಣ್ಣನ್ನು ಯಾರಿಗೆ ಮಾರಿದ್ರಿ?"

ಪೆಟ್ಟಿಗೆ ಎತ್ತುತ್ತಿದ್ದ ನಿಝಾರ್ ತಬ್ಬಿಬ್ಬಾದ. ಒಳಗಿನಿಂದ ಅಂಕಿತ್ ಓಡಿ ಬಂದ. "ವಿಸ್ಮಿತಾ, ಒಂದು ನಿಮಿಷ..."

"ಎಂತ ನಿಮಿಷ? ಸಭೆಯಲ್ಲಿ ಕೂತು ಸಿಹಿ ಸಿಹಿ ಮಾತಾಡಿದ್ದು ಇದಕ್ಕೆಯಾ? ಅಜ್ಜ ನಿಮ್ಮನ್ನು ನಂಬಿದ್ರು. ನಾನು... ನಾನೂ ನಂಬಿದೆ! ಹೀಗೆ ಮಾಡುವವರನ್ನು ನಮ್ಮೂರಲ್ಲಿ ಕಳ್ಳ ಅಂತಾರೆ!"

ಅಂಗಳದಲ್ಲಿ ಕೆಲಸ ನಿಂತಿತು. ಅಂಕಿತ್‌ನ ಮುಖ ಬಿಳಿಚಿತು. ವಿವರಿಸಲು ಎತ್ತಿದ್ದ ಕೈ ಕೆಳಗಿಳಿಸಿದ.

"ಇಷ್ಟೆಯಾ ನಿಮ್ಮ ನಂಬಿಕೆ?" ಅಂದ, ಮೆಲ್ಲಗೆ.

"ನಾಳೆಯಿಂದ ನಿಮ್ಮ ಲಾರಿ ಬೇಡ!"

ಬಸ್ಸಿನ ಕಿಟಕಿಗೆ ಮುಖ ಮಾಡಿ ಅವಳು ಊರಿನವರೆಗೂ ಅತ್ತಳು. ಹಣ್ಣು ಹೋಯಿತು ಅಂತ ಅತ್ತದ್ದಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಮರುದಿನವೇ ಋತುವಿನ ಕೊನೆಯ ಲೋಡು, ಎಲ್ಲಕ್ಕಿಂತ ದೊಡ್ಡದು. ವಿಸ್ಮಿತಾ ಯಾರ ಹತ್ತಿರವೋ ಕೇಳಿ ಬೇರೊಂದು ತಂಪು ಲಾರಿ ತರಿಸಿದಳು. ಈ ಸಲ ಕತ್ತಲು ಹರಿಯುವಾಗಲೇ ಕೊಯ್ಯಿಸಿದಳು. ಅಂಕಿತ್‌ನ ಮಾತು ಸರಿ ಅಂತ ಕೈಗಳು ಒಪ್ಪಿದ್ದವು, ಬಾಯಿ ಮಾತ್ರ ಒಪ್ಪಿರಲಿಲ್ಲ.

ಲಾರಿ ಹೊರಟ ಮೇಲೆ ತ್ರಿಶಾರ ಫೋನ್ ಬಂತು.

"ಕೊನೆಯ ಲೋಡ್ ಹೊರಟಿತಾ? ಇಷ್ಟು ದಿನ ಒಂದು ಪೆಟ್ಟಿಗೆಯೂ ಕಮ್ಮಿ ಬಂದಿಲ್ಲ, ಒಂದು ಹಣ್ಣೂ ಕಪ್ಪಾಗಿಲ್ಲ. ಮಿಜಾರಿನಲ್ಲಿ ತಂಪು ಮಾಡಿ ಲಾರಿ ಬದಲಾಯಿಸ್ತಾರಲ್ಲ, ಅದು ತುಂಬಾ ಒಳ್ಳೆಯ ವ್ಯವಸ್ಥೆ. ಅಂಕಿತ್ ಅವರು ಪ್ರತೀ ಸಲ ನಮಗೆ ಹೇಳಿಯೇ ಕಳಿಸ್ತಿದ್ರು."

ವಿಸ್ಮಿತಾ ಶೆಡ್ಡಿನ ಕಂಬ ಹಿಡಿದು ನಿಂತಳು.

ಮೊದಲ ದಿನದಿಂದಲೂ...! ತನ್ನ ಹಠ ಗೆದ್ದಿರಲಿಲ್ಲ. ಅವನು ಸುಮ್ಮನೆ ಹಣ್ಣನ್ನು ಉಳಿಸುತ್ತಾ ಬಂದಿದ್ದ. ಅವನನ್ನು ಹತ್ತು ಜನರ ಮುಂದೆ ಕಳ್ಳ ಅಂದಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅವನಿಗೆ ಫೋನ್ ಮಾಡಲು ಕೈ ಬಾರದೆ ಒದ್ದಾಡುತ್ತಿರುವಾಗಲೇ ಹೊಸ ಲಾರಿಯ ಡ್ರೈವರ್ ಕರೆ ಮಾಡಿದ. "ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದಿದೆಯಂತೆ, ರಸ್ತೆ ಬಂದ್. ನಾನು ಕಲ್ಲಡ್ಕದಲ್ಲಿ ನಿಂತಿದ್ದೇನೆ. ಡೀಸೆಲ್ ಸುಟ್ಟುಕೊಂಡು ತಂಪು ಇಡ್ಲಿಕ್ಕೆ ನನ್ನಿಂದ ಆಗುವುದಿಲ್ಲ. ಮಾಲು ಇಳಿಸಿಕೊಳ್ಳಿ!"

ಈಗ ಕೈ ತಡೆಯಲಿಲ್ಲ. ಒಂದೇ ರಿಂಗಿಗೆ ಅವನು ಎತ್ತಿದ.

"ಅಂಕಿತ್... ನಾನು ನಿಮ್ಮನ್ನು..."

"ಅದು ಆಮೇಲೆ. ಹಣ್ಣು ಎಲ್ಲುಂಟು?"

"ಕಲ್ಲಡ್ಕದಲ್ಲಿ."

"ಬಾಗಿಲು ತೆರೆಯಬಾರದು ಅಂತ ಹೇಳಿ. ನಾನು ಬರ್ತೇನೆ."

ಅಷ್ಟೇ ಮಾತು. ಆದರೆ ಅವಳ ಎದೆಯ ಮೇಲಿನ ಬಂಡೆ ಅರ್ಧ ಸರಿಯಿತು.

ಅಜ್ಜನ, ಬೆಳೆಗಾರರ ಜೊತೆ ಅವಳು ಜೀಪುಗಳಲ್ಲಿ ಕಲ್ಲಡ್ಕ ಮುಟ್ಟುವಾಗ ಅಲ್ಲೊಂದು ಮೆರವಣಿಗೆಯೇ ಬಂದಿತ್ತು! ಐಸ್‌ಕ್ರೀಮಿನ ವ್ಯಾನುಗಳು, ಹಾಲಿನ ತಂಪು ಗಾಡಿ, ಮುಂದಿನದರಲ್ಲಿ ನಿಝಾರ್. ಅಂಕಿತ್ ಮಳೆಯಲ್ಲಿ ನೆನೆಯುತ್ತಾ ಒಂದೊಂದನ್ನೇ ಲಾರಿಯ ಹಿಂದೆ ನಿಲ್ಲಿಸುತ್ತಿದ್ದ.

"ಚಾರ್ಮಾಡಿಯಲ್ಲಿ ದೊಡ್ಡ ಲಾರಿ ಬಿಡುವುದಿಲ್ಲ, ಸಣ್ಣ ಗಾಡಿ ಹೋಗ್ತದೆ," ಅಂದ ಅವಳಿಗೆ. "ಬೆಳ್ತಂಗಡಿ ದಾರಿಯಾಗಿ ಹೋಗುವ. ಘಾಟಿಯ ತುದಿಯಲ್ಲಿ, ಕೊಟ್ಟಿಗೆಹಾರದಲ್ಲಿ, ಬೆಂಗಳೂರಿನಿಂದ ವಾಪಸು ಬರ್ತಿದ್ದ ನಮ್ಮ ದೊಡ್ಡ ಲಾರಿ ಕಾಯ್ತಾ ಉಂಟು."

"ಇಷ್ಟು ಬೇಗ ಇದೆಲ್ಲ ಹೇಗೆ...?"

"ಬೇಗ ಎಂತದ್ದು? ಘಾಟಿ ಬಂದ್ ಆದ್ರೆ ಎಂತ ಮಾಡುವುದು ಅಂತ ಮಳೆಗಾಲದ ಮೊದಲೇ ಇವರ ಹತ್ತಿರ ಮಾತಾಡಿ ಇಟ್ಟಿದ್ದೆ. ನೀವು ಬೇಡ ಅಂದ್ರೂ ನಾನು ಅದನ್ನು ಬಿಟ್ಟಿರಲಿಲ್ಲ."

ಅವಳ ಕಣ್ಣು ತುಂಬಿತು. ಆದರೆ ಅಳಲು ಹೊತ್ತಿರಲಿಲ್ಲ. ಬೆಳೆಗಾರ ಚನಿಯಪ್ಪ ಅಡ್ಡ ಬಂದರು. "ಪೂಜೆ ಆದ ಲಾರಿಯಿಂದ ರಸ್ತೆಯಲ್ಲಿ ಇಳಿಸುವುದಾ? ನೋಣಯ್ಯಣ್ಣ, ನೀವಾದ್ರೂ ಹೇಳಿ!"

ಎಲ್ಲರೂ ಅಜ್ಜನನ್ನು ನೋಡಿದರು. ವಿಸ್ಮಿತಾ ಅಜ್ಜನ ಎದುರು ನಿಂತಳು.

"ಅಜ್ಜ, ಈ ಮಳೆಗಾಲದಲ್ಲಿ ನಮ್ಮ ಒಂದು ಲೋಡೂ ಸೀದಾ ಹೋದದ್ದಿಲ್ಲ. ಎಲ್ಲವೂ ಮಿಜಾರಿನಲ್ಲಿ ಇಳಿದು, ತಂಪಾಗಿ, ಬೇರೆ ಲಾರಿ ಹತ್ತಿಯೇ ಹೋದದ್ದು. ಅದಕ್ಕೇ ಹಾಳಾಗದೆ ಮುಟ್ಟಿದ್ದು. ಅದನ್ನು ನೋಡಿ ನಾನು ಇವರನ್ನು ಕಳ್ಳ ಅಂದೆ. ತಪ್ಪು ನನ್ನದು. ಈಗ ಬೇಕಾದ್ರೆ ಈ ಲಾರಿಯನ್ನೇ ನಂಬಿ ಇಲ್ಲೇ ನಿಲ್ಲುವ. ಹಣ್ಣು ಕೊಳೀತದೆ. ಮರ ಕಡೀತೀರಿ. ಇಲ್ಲ, ಇವರನ್ನು ನಂಬುವ!"

ನೋಣಯ್ಯ ಮುಂಡಾಸು ತೆಗೆದು ಮುಖ ಒರೆಸಿಕೊಂಡರು. ಅಂಕಿತ್‌ನನ್ನು ಒಮ್ಮೆ ದುರುಗುಟ್ಟಿ ನೋಡಿದರು.

"ನನ್ನ ಹತ್ತಿರ ಆಯ್ತು ಅಂದು ನಿನ್ನದೇ ನಡೆಸಿದೆಯಲ್ಲ ಮಾರಾಯ... ಕಾಯಿ ಒಡೆದದ್ದು ಹಣ್ಣು ಮುಟ್ಟಲಿ ಅಂತ. ಲಾರಿಯ ಚಕ್ರಕ್ಕೆ ಹರಕೆ ಹೊತ್ತದ್ದಲ್ಲ. ಇಳಿಸಿ! ಎಲ್ಲರೂ ಕೈ ಹಾಕಿ!"

ಆಮೇಲಿನ ಗಡಿಬಿಡಿ ನೋಡಬೇಕಿತ್ತು! ವಿಸ್ಮಿತಾ ನಡುವೆ ನಿಂತು ಕೂಗುತ್ತಿದ್ದಳು. "ಚನಿಯಪ್ಪಣ್ಣನ ತೋಟದ್ದು ಹಾಲಿನ ಗಾಡಿಗೆ, ಅದರ ಸಿಪ್ಪೆ ತೆಳು, ಜಾಸ್ತಿ ತಂಪು ಬೇಕು! ಅಜ್ಜನ ತೋಟದ್ದು ಗಟ್ಟಿ, ಅದು ಕೊನೆಗೆ ಬಂದ್ರೂ ಸಾಕು!" ಅವಳು ಹೇಳಿದ ಹಾಗೆ ಅಂಕಿತ್ ಗಾಡಿ ತುಂಬಿಸಿದ. ಅವನು ಹೇಳಿದ ಸಾಲಿನಲ್ಲಿ ಗಾಡಿಗಳು ಹೊರಟವು. ಇಳಿಸಬಾರದು ಅಂದಿದ್ದ ಚನಿಯಪ್ಪರೇ ಎಲ್ಲರಿಗಿಂತ ಜಾಸ್ತಿ ಪೆಟ್ಟಿಗೆ ಹೊತ್ತರು.

ಬೆಳ್ತಂಗಡಿ ದಾಟಿತು. ಉಜಿರೆ ದಾಟಿತು. ಚಾರ್ಮಾಡಿಯ ತಿರುವುಗಳಲ್ಲಿ ಗಾಡಿಗಳು ಒಂದರ ಹಿಂದೊಂದು ಮಂಜು ಸೀಳುತ್ತಾ ಏರಿದವು. ಸಂಜೆ ಬೆಳಕು ಇರುವಾಗಲೇ ಕೊನೆಯ ಪೆಟ್ಟಿಗೆಯೂ ಕೊಟ್ಟಿಗೆಹಾರದಲ್ಲಿ ದೊಡ್ಡ ಲಾರಿ ಹತ್ತಿತು. ಅಂಕಿತ್ ಒಂದು ಪೆಟ್ಟಿಗೆಯೊಳಗೆ ಕೈ ಹಾಕಿ ನೋಡಿದ. ಮುಖ ಅರಳಿತು. "ತಂಪುಂಟು!"

ಲಾರಿಯ ಜೊತೆ ಅವನೇ ಬೆಂಗಳೂರಿಗೆ ಹೊರಟಿದ್ದ. ಮೆಟ್ಟಿಲಿಗೆ ಕಾಲಿಟ್ಟವನು ಇಳಿದು ಅವಳ ಹತ್ತಿರ ಬಂದ.

"ತಪ್ಪು ನಂದೂ ಉಂಟು ವಿಸ್ಮಿತಾ. ಅಜ್ಜನಿಗೆ ಬೇಜಾರಾಗಬಾರದು ಅಂತ ಬಾಯಿ ಮುಚ್ಚಿಕೊಂಡೆ. ನಿಮಗಾದ್ರೂ ಹೇಳಬೇಕಿತ್ತು."

"ನಾನೊಂದು ಹೇಳ್ಬೇಕು ಅಂಕಿತ್." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನಾಳೆ ತ್ರಿಶಾ ಮೇಡಂ ಎಂತ ಹೇಳ್ತಾರೋ ಗೊತ್ತಿಲ್ಲ. ಗೆದ್ದ ಖುಷಿಯಲ್ಲಿ ಹೇಳಿದ್ದು ಅಂತ ಆಗಬಾರದು, ಸೋತ ಬೇಜಾರಲ್ಲಿ ಹೇಳಿದ್ದು ಅಂತಲೂ ಆಗಬಾರದು. ಅದಕ್ಕೆ ಈಗಲೇ ಹೇಳ್ತೇನೆ. ನನಗೆ ನಿಮ್ಮ ಮೇಲೆ ಪ್ರೀತಿ ಉಂಟು."

ಅಂಕಿತ್ ಬಾಯಿ ತೆರೆದ. ಲಾರಿಯ ಹಾರ್ನ್ ಕೂಗಿತು. "ಹಣ್ಣು ಬೆಚ್ಚಗಾಗ್ತದೆ ಸಾರ್!" ಎಂದು ಡ್ರೈವರ್ ಕಿರುಚಿದ. ಅಂಕಿತ್ ಅವಳನ್ನೇ ನೋಡುತ್ತಾ ಹಿಂದೆ ಹಿಂದೆ ನಡೆದು ಲಾರಿ ಹತ್ತಿದ. ಉತ್ತರ ಲಾರಿಯ ಜೊತೆಗೇ ಹೋಯಿತು!

ಮರುದಿನ ಶೆಡ್ಡಿನಲ್ಲಿ ಫೋನು ಮೇಜಿನ ಮೇಲೆ, ಸುತ್ತ ಇಡೀ ಊರು. ಕೊನೆಗೂ ಅದು ಬಡಿದುಕೊಂಡಿತು.

"ವಿಸ್ಮಿತಾ, ಹಣ್ಣು ಈಗ ಮರದಿಂದ ಕೊಯ್ದ ಹಾಗಿದೆ! ಘಾಟಿ ಬಂದ್ ಆಗಿ ಬೇರೆ ಯಾರ ಲೋಡೂ ಬಂದಿಲ್ಲ, ಇವತ್ತು ನಮ್ಮ ಅಂಗಡಿಗಳಲ್ಲೆಲ್ಲ ನಿಮ್ಮದೇ ರಂಬುಟಾನ್. ಮುಂದಿನ ವರ್ಷದಿಂದ ಒಪ್ಪಂದ ಖಾಯಂ. ಇದಕ್ಕಿಂತ ಜಾಸ್ತಿ ಬೆಳೆಯಲು ಆಗುತ್ತಾ?"

ಶೆಡ್ಡಿನ ತಗಡು ಹಾರಿಹೋಗುವಂತೆ ಕೂಗು ಎದ್ದಿತು. ಚನಿಯಪ್ಪ ಅಜ್ಜನನ್ನು ಅಪ್ಪಿಕೊಂಡರು. ಯಾರೋ ಪಟಾಕಿಯ ಸರಕ್ಕೆ ಬೆಂಕಿ ಇಟ್ಟೇ ಬಿಟ್ಟರು. ವಿಸ್ಮಿತಾ ನಗುತ್ತಿದ್ದಳು, ಅಳುತ್ತಿದ್ದಳು. ಕಣ್ಣು ಮಾತ್ರ ರಸ್ತೆಯ ಮೇಲೇ ಇತ್ತು.

'ಅವನ ಫೋನ್ ಯಾಕೆ ಬರ್ಲಿಲ್ಲ...? ನಾನು ಹೇಳಿದ್ದು ಜಾಸ್ತಿಯಾಯ್ತಾ?'

ಅದರ ಮರುದಿನ ಮಧ್ಯಾಹ್ನ ಕಳೆದ ಮೇಲೆ, ಸುತ್ತು ದಾರಿ ಹಿಡಿದ ಖಾಲಿ ಲಾರಿ ಬಂದು ನಿಂತಿತು. ಅಂಕಿತ್ ಇಳಿದ. ಅಂಗಿ ಮುದ್ದೆಯಾಗಿತ್ತು, ಗಡ್ಡ ಬೆಳೆದಿತ್ತು, ಕಣ್ಣು ಹೊಳೆಯುತ್ತಿತ್ತು.

"ಫೋನ್ ಮಾಡ್ಲಿಕ್ಕೆ ಗೊತ್ತಿಲ್ವಾ ನಿಮಗೆ?" ಅವಳು ಸಿಡುಕಿದಳು.

"ಇಂಥದ್ದಕ್ಕೆ ಫೋನಿನಲ್ಲಿ ಉತ್ತರ ಕೊಡ್ಲಿಕ್ಕೆ ಆಗ್ತದಾ? ಎದುರು ನಿಂತು ಹೇಳುವ ಅಂತ ಬಂದೆ. ದಾರಿಯಲ್ಲಿ ಒಂದು ಫೋನ್ ಮಾಡಿದ್ದು ನಿಜ. ಅಮ್ಮನಿಗೆ."

"ಎಂತ ಹೇಳಿದ್ರಿ?"

"ಮದುವೆ ಅಂತ ಆದ್ರೆ ಅದು ವಿಸ್ಮಿತಾಳ ಜೊತೆ ಮಾತ್ರ ಅಂತ."

ವಿಸ್ಮಿತಾ ಸರಕ್ಕನೆ ಅವನ ಹತ್ತಿರ ಸರಿದಳು. "ನಿಮ್ಮದು ಜೈನರ ಮನೆ... ನಿಮ್ಮಮ್ಮ ಎಂತ ಹೇಳಿದ್ರು?"

"ಮೊದಲು ನಿಮ್ಮ ಕತೆಯೆಲ್ಲ ಕೇಳಿದ್ರು. ಆಮೇಲೆ, 'ಒಂದಿಡೀ ಊರಿನ ಎದುರು ನಿಂತು ತನ್ನ ತಪ್ಪು ಅಂತ ಹೇಳುವ ಧೈರ್ಯ ಇರುವ ಹುಡುಗಿಯನ್ನು ನಾನೂ ನೋಡ್ಬೇಕು, ಇವತ್ತೇ ಊಟಕ್ಕೆ ಕರ್ಕೊಂಡು ಬಾ' ಅಂದ್ರು." ಅವನು ಅಂಗೈ ಚಾಚಿದ. "ನನಗೂ ನಿಮ್ಮ ಮೇಲೆ ಪ್ರೀತಿ ಉಂಟು ವಿಸ್ಮಿತಾ. ತುಂಬಾ. ಬರ್ತೀರಾ?"

ಅವಳು ಅಜ್ಜನತ್ತ ನೋಡಿದಳು. ನೋಣಯ್ಯ ಎಲೆಯಡಿಕೆಗೆ ಸುಣ್ಣ ಹಚ್ಚುತ್ತಾ, ತಲೆಯೆತ್ತದೆ, ಹೋಗು ಹೋಗು ಎಂದು ಕೈಸನ್ನೆ ಮಾಡಿದರು.

ಅವಳು ಅವನ ಕೈ ಹಿಡಿದಳು.

"ಸೀರೆ ಉಟ್ಟು ಬರ್ತೇನೆ. ಸ್ವಲ್ಪ ಕಾಯ್ತೀರಾ?"

"ಕಾಯ್ತೇನೆ. ಆದ್ರೆ ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟ ಇಲ್ಲ, ಗೊತ್ತುಂಟಲ್ಲ?"

ವಿಸ್ಮಿತಾ ಪಡುವಣದ ಬಿಸಿಲನ್ನು ನೋಡಿದಳು, ಮಣ್ಣು ಮೆತ್ತಿದ ತನ್ನ ಚೂಡಿದಾರ ನೋಡಿದಳು, ಮುದ್ದೆಯಾದ ಅವನ ಅಂಗಿ ನೋಡಿದಳು, ಜೋರಾಗಿ ನಕ್ಕಳು.

"ಹಾಗಾದ್ರೆ ಸೀರೆ ಮದುವೆಗೆ ಇರಲಿ. ಹೀಗೇ ಹೊರಡುವ!"