ಎಣ್ಣೆ ಕಾಯದ ಮನೆ

"ನಮ್ಮನೇಲಿ ಎಣ್ಣೆ ಕಾಯ್ಸಂಗಿಲ್ಲ. ಅದಕ್ಕೆ ಒಪ್ಪಿಗೆ ಇದ್ರೆ ಮಾತ್ರ ಈ ಮದ್ವೆ."

ಹೆಣ್ಣು ನೋಡಲು ಬಂದ ಗಂಡು ಆಡಿದ ಮೊದಲ ಮಾತು ಇದು!

ಬೂಕನಕೆರೆಯ ಆ ಮನೆಯ ಹಿತ್ತಲಲ್ಲಿ, ಐದು ನಿಮಿಷ ಮಾತಾಡಿಕೊಳ್ಳಿ ಎಂದು ಹಿರಿಯರು ಬಿಟ್ಟುಹೋಗಿದ್ದರು. ಹೇಮಶ್ರೀ ತಲೆಯೆತ್ತಿ ನೋಡಿದಳು. ಉರಿಬಿಸಿಲಲ್ಲೂ ಆತ ತುಂಬುತೋಳಿನ ಅಂಗಿ ತೊಟ್ಟಿದ್ದ. ಅವನ ಕಣ್ಣು ಅವಳ ಮುಖದ ಮೇಲಿರಲಿಲ್ಲ. ಅಡುಗೆಮನೆಯಿಂದ ಬರುತ್ತಿದ್ದ ಬಜ್ಜಿಯ ಹೊಗೆಯ ಮೇಲಿತ್ತು.

"ಯಾಕೆ, ಡಾಕ್ಟ್ರು ಬ್ಯಾಡ ಅಂದವ್ರಾ?" ನಗು ತಡೆಯುತ್ತಾ ಕೇಳಿದಳು.

"ಇಲ್ಲ" ಎಂದ ಲೋಕೇಶ.

ಆ ಒಂದು ಮಾತಲ್ಲಿ ಏನಿತ್ತೋ… ಅವಳ ನಗು ಅಲ್ಲಿಗೇ ಮುಗಿಯಿತು.

ಹೊರಡುವಾಗ ಮಾತ್ರ ಅವಳನ್ನು ನೇರವಾಗಿ ನೋಡಿದ. "ನೀವು ಬ್ಯಾಡ ಅಂದ್ರೂ ನಂಗೆ ಬೇಜಾರಿಲ್ಲ. ಬ್ಯಾಡ ಅನ್ನೋದೇ ಒಳ್ಳೇದೇನೋ."

ಬೇಡ ಎಂದ ಕಡೆಗೇ ನಡೆಯುವುದು ಮನಸ್ಸಿನ ಹುಟ್ಟುಗುಣ. ಹೇಮಶ್ರೀಯ ಮನಸ್ಸೇನು ಬೇರೆ ಮಣ್ಣಿಂದ ಮಾಡಿದ್ದಲ್ಲ. ಒಪ್ಪಿಕೊಂಡಳು.

ಅವನಿಗೆ ಅದು ಎರಡನೇ ಮದುವೆ. ಮೊದಲ ಹೆಂಡತಿ ಸುನಿತಾ ಮೂರು ವರ್ಷದ ಹಿಂದೆ ಬೆಂಕಿ ಅನಾಹುತದಲ್ಲಿ ತೀರಿಕೊಂಡಳು ಎಂದಷ್ಟೇ ಸಂಬಂಧ ತಂದವನು ಹೇಳಿದ್ದ. ಬೆಂಕಿ ಹೇಗೆ ಹತ್ತಿತು ಎಂದು ಕೇಳಬೇಕಾದವರು ಯಾರೂ ಕೇಳಲಿಲ್ಲ. ಗಂಡು ಒಳ್ಳೆಯವನು, ಸ್ವಂತ ಕೋಳಿ ಫಾರಂ ಇದೆ, ಅತ್ತೆ ಒಬ್ಬಳೇ. ಇನ್ನೇನು ಬೇಕು?

1996ರ ವೈಶಾಖದಲ್ಲಿ ಹೇಮಶ್ರೀ ಚಿನಕುರಳಿಗೆ ಸೊಸೆಯಾಗಿ ಬಂದಳು.

ಮಧ್ಯಾಹ್ನವಾದರೆ ದೂರದ ಕಲ್ಲುಕ್ವಾರಿಯಲ್ಲಿ ಸಿಡಿಮದ್ದು ಹಾರುತ್ತಿತ್ತು. ಅಡುಗೆಮನೆಯ ಪಾತ್ರೆಗಳೆಲ್ಲ ಒಮ್ಮೆ ನಡುಗಿ ಸುಮ್ಮನಾಗುತ್ತಿದ್ದವು. ಒಲೆಯ ನೇರಕ್ಕೆ ಮೇಲಿನ ತೊಲೆಯಲ್ಲಿ ದೊಡ್ಡದೊಂದು ಕಪ್ಪು ಕಲೆ. ಅತ್ತೆ ಪುಟ್ಟತಾಯಮ್ಮ ಹಬ್ಬಕ್ಕೊಮ್ಮೆ ಸುಣ್ಣ ಬಳಿದರೂ ತಿಂಗಳೊಳಗೆ ಆ ಕಲೆ ಮತ್ತೆ ಮೂಡುತ್ತಿತ್ತು.

ಲೋಕೇಶ ಒಳ್ಳೆಯವನೇ. ಪಾಂಡವಪುರಕ್ಕೆ ಹೋದಾಗೆಲ್ಲ ಮಲ್ಲಿಗೆ ತರುತ್ತಿದ್ದ. ಆದರೆ ಅವಳು ಅಡುಗೆಮನೆಯಲ್ಲಿದ್ದರೆ ಹೂವನ್ನು ಹೊಸಿಲ ಮೇಲಿಟ್ಟು ಹೋಗಿಬಿಡುತ್ತಿದ್ದ, ಒಳಗೆ ಕಾಲಿಡುತ್ತಿರಲಿಲ್ಲ. ಅಂಗಿ ಬಿಚ್ಚಿದ ದಿನ ಅವನ ಬಲಗೈ ನೋಡಿದಳು. ಮೊಣಕೈವರೆಗೂ ಸುಟ್ಟು ಸುಕ್ಕಾದ ಚರ್ಮ.

"ಇದು ಹೆಂಗಾಯ್ತು?" ಎಂದಳು.

"ಮಲೀಕೋ ಹೇಮಾ" ಎಂದು ಗೋಡೆ ಕಡೆ ತಿರುಗಿದ.

ಒಂದು ದಿನ ಬಾಯಿ ಕೆಟ್ಟುಹೋಗಿದೆಯೆಂದು ಸಾರಿಗೆ ಒಂದೇ ಒಂದು ಚಮಚ ಎಣ್ಣೆಯ ಒಗ್ಗರಣೆ ಹಾಕಹೊರಟಳು. ಸಾಸಿವೆ ಚಟಪಟ ಅಂದಿತಷ್ಟೆ. ಜಗಲಿಯಿಂದ ಓಡಿಬಂದ ಲೋಕೇಶ ಹೊಸಿಲಾಚೆಯಿಂದಲೇ ಕೈ ಚಾಚಿ ಅವಳ ಮಣಿಕಟ್ಟು ಹಿಡಿದು ಹೊರಗೆಳೆದ. ಎರಡು ಬಳೆ ಒಡೆದವು.

"ಏಳಿರ್ಲಿಲ್ವಾ ನಾನು? ಏಳಿರ್ಲಿಲ್ವಾ?"

ಅವನ ಮುಖ ಬಿಳುಚಿತ್ತು, ಹಲ್ಲು ಕಟಕಟ ಎನ್ನುತ್ತಿದ್ದವು. ಅದು ಕೋಪವೋ ಮತ್ತೇನೋ ಅವಳಿಗೆ ತಿಳಿಯಲಿಲ್ಲ.

ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೆ? ಮರುದಿನ ನೀರಿನ ನಲ್ಲಿಯ ಹತ್ತಿರ ಪಕ್ಕದ ಮನೆಯ ಮಂಚಮ್ಮ ಅವಳ ಮಣಿಕಟ್ಟಿನಲ್ಲಿ ಬಳೆ ಒಡೆದು ಆದ ಗಾಯ ನೋಡಿದಳು. ಬಿಂದಿಗೆ ತುಂಬಿದ್ದರೂ ಎತ್ತಲಿಲ್ಲ.

"ನಾನೇಳ್ದೆ ಅಂತ ಯಾರ್ಗೂ ಏಳ್ಬ್ಯಾಡ ಕಣವ್ವ. ಸುನಿತಾ ಸುಮ್ನೆ ಸತ್ತೋಳಲ್ಲ. ಕೋಳಿ ರೆಕ್ಕೆ ಅಂದ್ರೆ ಪ್ರಾಣ ಅವ್ಳ್ಗೆ. ಅವತ್ತೂ ಬಾಣ್ಲಿ ಇಟ್ಟು ಅದ್ನೇ ಕರೀತಿದ್ಲು. ಕಿರುಚ್ಕಂಡ್ಲು ಅಂತ ನಾನು ಓಡ್ಬಂದೆ. ಒಳೀಕೆ ಬೆಂಕಿ ಧಗಧಗ ಅಂತದೆ. ನಿನ್ ಗಂಡ… ಕೈಲಿ ಖಾಲಿ ಕೊಡ ಇಡ್ಕಂಡು ಸುಮ್ನೆ ನಿಂತವ್ನೆ."

"ಖಾಲಿ ಕೊಡ?"

"ಅದ್ರಲ್ಲಿ ಏನಿತ್ತೋ ಆ ದೇವ್ರೇ ಬಲ್ಲ. ಸೀಮೆಣ್ಣೆ ಅಂತಾರೆ ಕೆಲವ್ರು. ನನಗ್ಯಾಕೆ ಬುಡು."

ಅರ್ಧ ತುಂಬಿದ ತನ್ನ ಬಿಂದಿಗೆ ಎತ್ತಿಕೊಂಡು ಹೇಮಶ್ರೀ ಮನೆ ಕಡೆ ನಡೆದಳು. ಖಾಲಿ ಕೊಡ, ಸುಟ್ಟ ಕೈ, ತೊಲೆಯ ಕಪ್ಪು ಕಲೆ…

ಅಂದಿನಿಂದ ಅವಳು ಗಂಡನ ಹೆಜ್ಜೆ ಸಪ್ಪಳ ಎಣಿಸತೊಡಗಿದಳು. ಅವನು ಹೂ ತಂದರೆ ಮುಡಿದಳು, ಮುಡಿದು ನಡುಗಿದಳು. ಪ್ರೀತಿ ಇರಲಿಲ್ಲವೇ? ಇತ್ತು. ಭಯವೂ ಇತ್ತು. ಎರಡೂ ಒಂದೇ ಚಾಪೆಯಲ್ಲಿ ಮಲಗುತ್ತಿದ್ದವು.

ಅಕ್ಟೋಬರ್ ಬಂತು. ಮಾರ್ನಮಿ ಅಮಾವಾಸ್ಯೆ, ತೀರಿಹೋದವರಿಗೆ ಎಡೆ ಇಡುವ ದಿನ. ಸತ್ತವರಿಗೆ ಇಷ್ಟವಾದ ಅಡುಗೆಯನ್ನೆಲ್ಲ ಎಲೆಗೆ ಬಡಿಸಿ, ಬಾಗಿಲು ಮುಚ್ಚಿ, ಅವರು ಬಂದು ಉಂಡು ಹೋಗುವವರೆಗೆ ಮನೆಮಂದಿ ಹೊರಗೆ ಕಾಯಬೇಕು.

ಹಬ್ಬದ ಹಿಂದಿನ ದಿನ ಪುಟ್ಟತಾಯಮ್ಮ ಸೊಸೆಯನ್ನು ಹಿತ್ತಲಿಗೆ ಕರೆದಳು.

"ಮೂರು ವರ್ಸದಿಂದ ಕರಿದಿದ್ದು ಇಲ್ದೆ ಎಡೆ ಇಕ್ತಾ ಇವ್ನಿ ಕಣವ್ವ. ಅವ್ಳು ಕನಸಲ್ಲಿ ಬತ್ತಾವ್ಳೆ. ಬಾಗ್ಲಲ್ಲಿ ನಿಂತು ಕೈ ಚಾಚ್ತಾಳೆ. ಅಸ್ಕಂಡವ್ಳೆ… ಅಸ್ದೋರು ಮನೇನ ತಣ್ಣಗೆ ಇರಾಕೆ ಬುಡಾಕಿಲ್ಲ. ನಾಳೆ ನೀನು ರೆಕ್ಕೆ ಕರೀಬೇಕು. ಅವ್ಳ ಜಾಗಕ್ಕೆ ಬಂದೋಳು ನೀನು, ನೀನೇ ಮಾಡ್ಬೇಕು."

"ಅವ್ರಿಗೆ ಗೊತ್ತಾದ್ರೆ?"

"ಅವ್ನು ಎಡೆ ದಿನ ಮನೇಲಿ ಇರಾಕಿಲ್ಲ. ಹೊತ್ತು ಮುಳುಗೋವರ್ಗೂ ಫಾರಮ್ಮಲ್ಲೇ ಇರ್ತಾನೆ."

ಪುಟ್ಟತಾಯಮ್ಮ ಅಟ್ಟದ ಮೇಲಿಂದ ಗೋಣಿಚೀಲದ ಗಂಟೊಂದನ್ನು ಇಳಿಸಿ ಬಿಚ್ಚಿದಳು. ಒಳಗೆ ಬಾಣಲೆ. ಒಂದು ಕಿವಿ ಸೊಟ್ಟಗಾಗಿ, ಕರಿ ಹಿಡಿದು, ಮೂರು ವರ್ಷದ ಧೂಳು ತಿಂದ ಅದೇ ಬಾಣಲೆ!

ಹೇಮಶ್ರೀ ಅದನ್ನು ಮುಟ್ಟಲಿಲ್ಲ. ಎಡೆ ಮುಗಿದ ಮರುದಿನ ಮೊದಲ ಬಸ್ಸಿಗೆ ತವರಿಗೆ ಹೋಗಿಬಿಡುವುದು, ತಿರುಗಿ ಬರುವುದು ಬೇಡ ಎಂದು ಆ ಕ್ಷಣವೇ ತೀರ್ಮಾನಿಸಿದಳು. ಆದರೆ ಕಂಡರಿಯದ ಆ ಸುನಿತಾಳ ಮೇಲೆ ಯಾಕೋ ಕರುಳು ಮಿಡಿಯಿತು. ಹೋಗುವ ಮುಂಚೆ ಅವಳಿಗೊಂದು ಊಟ ಬಡಿಸಿ ಹೋಗಬೇಕು. ಆದರೆ ಆ ಬಾಣಲೆಯಲ್ಲಿ ಮಾತ್ರ ಅಲ್ಲ!

ಬೂಕನಕೆರೆಯಲ್ಲಿ ಅವಳಜ್ಜಿ ಎಣ್ಣೆ ಇಲ್ಲದ ದಿನಗಳಲ್ಲಿ ಹಿಡಿಯುತ್ತಿದ್ದ ದಾರಿಯೊಂದಿತ್ತು.

ಅಮಾವಾಸ್ಯೆಯ ಬೆಳಗ್ಗೆ ಎದ್ದು ಹನ್ನೆರಡು ರೆಕ್ಕೆಗಳನ್ನು ತೊಗಲು ಸುಲಿಯದೆ ಬೆಂಕಿಯಲ್ಲಿ ಸುಟ್ಟು ಪುಕ್ಕ ತೆಗೆದಳು. ಅರಿಸಿನ ಉಜ್ಜಿ ತೊಳೆದಳು. ಆಮೇಲೆ ಹಳೆ ಪಂಚೆಯ ತುಂಡಿನಿಂದ ಒಂದೊಂದನ್ನೂ ಒತ್ತಿ ಒರೆಸಿದಳು. ನೀರಿನ ಪಸೆ ಉಳಿದರೆ ರೆಕ್ಕೆ ಬೇಯುತ್ತದೆಯೇ ಹೊರತು ಗರಿಗರಿಯಾಗುವುದಿಲ್ಲ. ಉಪ್ಪು ಸವರಿ, ದಾರಕ್ಕೆ ಪೋಣಿಸಿ, ಹಿತ್ತಲ ನೆರಳಲ್ಲಿ ಗಾಳಿಗೆ ಕಟ್ಟಿ, ಕಾಗೆ ಮುಟ್ಟದಂತೆ ಕಾಯುತ್ತಾ ಕೂತಳು. ಮಧ್ಯಾಹ್ನದ ಹೊತ್ತಿಗೆ ತೊಗಲು ಒಣಗಿ ಬಿಗಿಯಾಯಿತು. ಅಕ್ಕಿಹಿಟ್ಟು, ಮೆಣಸು, ಖಾರದಪುಡಿ ಒಣಒಣದಾಗಿಯೇ ಸವರಿದಳು.

ಬಳಿಕ ಮಣ್ಣಿನ ಓಡನ್ನು ಕೆಂಡದ ಮೇಲಿಟ್ಟು, ರೆಕ್ಕೆ ಜೋಡಿಸಿ, ಇನ್ನೊಂದು ಓಡು ಬೋರಲು ಹಾಕಿ ಅದರ ಮೇಲೂ ಕೆಂಡ ಹರಡಿದಳು. ಕೆಳಗೂ ಕಾವು, ಮೇಲೂ ಕಾವು. ತೊಗಲಿನೊಳಗಿನ ಕೊಬ್ಬೇ ಕರಗಿ ತೊಗಲನ್ನೇ ಹುರಿಯುತ್ತದೆ. ಒಂದು ತೊಟ್ಟು ಎಣ್ಣೆ ಬೇಡ.

ಒಂದಿಷ್ಟು ಹೊತ್ತಿನ ಮೇಲೆ ಮುಚ್ಚಿದ್ದ ಓಡು ತೆಗೆದಳು. ಎಡೆ ಅಡುಗೆ ರುಚಿ ನೋಡುವಂತಿಲ್ಲ, ಉಗುರಿನಿಂದ ತಟ್ಟಿದಳು. ಟಕ್ ಎಂದಿತು. ಕೆಂಪಗೆ ಗರಿಗರಿ. ಹೇಮಶ್ರೀಗೆ ಎಷ್ಟೋ ದಿನದ ಮೇಲೆ ಖುಷಿಯಾಯಿತು. ರೆಕ್ಕೆಗಳನ್ನು ಒಂದೊಂದಾಗಿ ತಟ್ಟೆಗೆ ತೆಗೆದಳು.

ಓಡಿನಲ್ಲಿ ಕೊಬ್ಬು ನಿಂತಿತ್ತು. ಓಡು ಸರಿಸುವಾಗ ಅದು ತುಳುಕಿ ಕೆಂಡಕ್ಕೆ ಬಿತ್ತು.

ಭಗ್ ಎಂದು ಜ್ವಾಲೆ ಎದ್ದಿತು. ಓಡಿನೊಳಗಿನ ಕೊಬ್ಬಿಗೂ ಹತ್ತಿತು. ಹೇಮಶ್ರೀ ಚೀರಿ ಹಿಂದಕ್ಕೆ ಬಿದ್ದಳು.

ಬಾಗಿಲಲ್ಲಿ ಲೋಕೇಶ!

ಫಾರಂನವರೆಗೂ ವಾಸನೆ ಹೋಗಿತ್ತೋ, ಏನೋ. ಹಜಾರದಲ್ಲಿದ್ದ ಕೊಡ ಅವನ ಎರಡೂ ಕೈಯಲ್ಲಿತ್ತು. ಮಂಚಮ್ಮ ಹೇಳಿದ ಹಾಗೆಯೇ. ಕೊಡ ಮೇಲೆದ್ದಿತು.

ಮುಗಿಯಿತು, ನನ್ನ ಕತೆಯೂ ಇವತ್ತಿಗೆ ಮುಗಿಯಿತು… ಎಂದು ಹೇಮಶ್ರೀ ಕಣ್ಣು ಮುಚ್ಚಿದಳು.

ಏನೂ ಬೀಳಲಿಲ್ಲ.

"ನೀರಲ್ಲ… ನೀರಲ್ಲ… ನೀರು ಉಯ್ಬಾರ್ದು…"

ಕಣ್ಣು ಬಿಟ್ಟಳು. ಮಗುವಿನಂತೆ ಗೊಣಗುತ್ತಾ ಲೋಕೇಶ ಕೊಡವನ್ನು ಹಿಂದಕ್ಕೆ ಎಸೆದ. ಹಜಾರವೆಲ್ಲ ನೀರಾಯಿತು. ಹೊಸಿಲು ದಾಟಿ ಬಂದು, ತೆಗೆದಿಟ್ಟಿದ್ದ ಕಾದ ಮುಚ್ಚಳದ ಓಡನ್ನು ಬರಿಗೈಯಲ್ಲೇ ಎತ್ತಿ ಜ್ವಾಲೆಯ ಮೇಲೆ ಬೋರಲು ಮುಚ್ಚಿದ. ಬೆಂಕಿ ಉಸಿರು ಕಟ್ಟಿ ಸತ್ತಿತು. ಅವನು ಎದ್ದು ಜಗಲಿಗೆ ಹೋಗಿ ಕುಳಿತ.

ಹೇಮಶ್ರೀ ಲೋಳೆಸರ ಮುರಿದು ತಂದು ಅವನ ಅಂಗೈಗೆ ಹಚ್ಚಿದಳು. ಅವನು ಕೈ ಕೊಟ್ಟ, ಮುಖ ಕೊಡಲಿಲ್ಲ. ಕೊಡದಲ್ಲಿ ಇದ್ದದ್ದು ನೀರು ಎಂಬುದನ್ನು ಮಾತ್ರ ಅವಳು ಕಣ್ಣಾರೆ ಕಂಡಿದ್ದಳು.

ಬಾಳೆಎಲೆ ತರಲು ಹೋಗಿದ್ದ ಪುಟ್ಟತಾಯಮ್ಮ ಸಂಜೆ ಬಂದು ಸುನಿತಾಳ ಫೋಟೋ ಮುಂದೆ ಎಲೆ ಹಾಸಿ ಮುದ್ದೆ, ಕೋಳಿ ಸಾರು, ಅನ್ನ ಬಡಿಸಿದಳು. ರೆಕ್ಕೆಯ ತಟ್ಟೆ ನೋಡಿ ಹುಬ್ಬು ಗಂಟಿಕ್ಕಿದಳು.

"ಇದು ಕರಿದಿದ್ದಲ್ಲ."

"ಅಲ್ಲ, ಅತ್ತೆ."

"ಎಡೆಗೆ ಕರಿದಿದ್ದೇ ಆಗ್ಬೇಕು ಅಂದಿದ್ನಲ್ಲವ್ವ."

ಹೇಮಶ್ರೀ ನಿಧಾನವಾಗಿ ಕೇಳಿದಳು. "ಎಣ್ಣೇಲಿ ಬೆಂದು ಸತ್ತೋಳ ಮುಂದೆ ಮತ್ತೆ ಎಣ್ಣೆ ಕಾಯ್ಸದಾ, ಅತ್ತೆ? ಅಕ್ಕ ಬಾಗ್ಲಲ್ಲೇ ನಿಂತ್ಕತಾಳೆ ಅಂದ್ರಲ್ಲ. ಒಳೀಕೆ ಬರಾಕೆ ಎದ್ರಿಕೆ ಇರ್ಬೈದು."

ಪುಟ್ಟತಾಯಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಈ ಮೂರು ವರ್ಷದಲ್ಲಿ ಆ ಮುದುಕಿಗೆ ಇದು ಹೊಳೆದೇ ಇರಲಿಲ್ಲ. ರೆಕ್ಕೆಗಳನ್ನು ಎಲೆಯ ತುದಿಗೆ ತಾನೇ ಬಡಿಸಿದಳು.

ಬಾಗಿಲು ಮುಚ್ಚಿದರು. ಮೂವರೂ ಜಗಲಿಯಲ್ಲಿ ಕುಳಿತರು. ಪ್ರತಿ ವರ್ಷ ಈ ಹೊತ್ತಲ್ಲಿ ಫಾರಂನಲ್ಲೇ ಇರುತ್ತಿದ್ದ ಲೋಕೇಶ ಈ ಸಲ ಕದಲಲಿಲ್ಲ. ಮುಚ್ಚಿದ ಬಾಗಿಲನ್ನೇ ನೋಡುತ್ತಾ, ಒಳಗಿದ್ದವಳಿಗೂ ಕೇಳಿಸಲಿ ಎಂಬಂತೆ ಮಾತು ತೆಗೆದ.

"ಅವತ್ತು ಬೆಂಕಿ ಬಾಣ್ಲಿಗೆ ಮಾತ್ರ ಅತ್ತಿತ್ತು. ಅವ್ಳಿಗೆ ಏನೂ ಆಗಿರ್ಲಿಲ್ಲ. ನಾನು ಓಡೋಗಿ ಕೊಡದ ನೀರೆಲ್ಲ ಬಾಣ್ಲಿಗೆ ಉಯ್ದ್ಬುಟ್ಟೆ. ನೀರು ಬಿದ್ದೇಟ್ಗೆ ಉರಿಯೋ ಎಣ್ಣೆ ಎದ್ದು ನನ್ನ ಕೈಗಷ್ಟೇ ಸಿಡ್ದು, ಮಿಕ್ಕಿದ್ದೆಲ್ಲ ಅವ್ಳ ಮೇಲೇ ಬಿತ್ತು. ಸೂರುಗಂಟ ಓಯ್ತು ಬೆಂಕಿ… ನೀರಾಕ್ದೆ ತಟ್ಟೆ ಮುಚ್ಚಿದ್ರೆ ಸಾಕಿತ್ತು ಅಂತ ಆಮ್ಯಾಕೆ ಆಸ್ಪತ್ರೇಲಿ ಏಳುದ್ರು."

"ಮಗಾ…" ಎಂದಳು ಪುಟ್ಟತಾಯಮ್ಮ. ಹೆತ್ತವಳಿಗೂ ಇದು ಗೊತ್ತಿರಲಿಲ್ಲ.

"ಪೊಲೀಸ್ನೋರು ಕೇಳ್ದಾಗ, ನಾನೇ ಬಾಣ್ಲಿ ಬೀಳುಸ್ಕಂಡೆ ಅಂದ್ಲು. ನನ್ನ ಮೊಕ ನೋಡ್ಕಂಡೇ ಅಂದ್ಲು ಅವ್ವ. ಮೂರು ದಿನಕ್ಕೆ ತೀರೋದ್ಲು. ಊರೋರು ನಾನು ಕೊಂದೆ ಅಂತಾರೆ. ಸುಳ್ಳು ಅಂತ ಎಂಗೇಳ್ಲಿ?"

ಹೇಮಶ್ರೀಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

"ಇದ್ನ ಮದ್ವೆಗೆ ಮುಂಚೆ ಏಳ್ಬೇಕಿತ್ತು ನೀವು."

"ಏಳಿದ್ರೆ ನೀನು ಬತ್ತಿರ್ಲಿಲ್ಲ."

"ಬರದು ಬುಡದು ನಂಗೆ ಬುಡ್ಬೇಕಾಗಿತ್ತು. ಐದು ತಿಂಗ್ಳಿಂದ ನಿಮ್ಮ ಪಕ್ಕ ಮಲಗ್ತಾ, ಈವಯ್ಯ ನನ್ನೂ ಸುಡ್ತಾನೇನೋ ಅಂತ ಬೆದರಿ ಸತ್ತಿವ್ನಿ ನಾನು. ನಾಳೆ ಮೊದ್ಲ ಬಸ್ಸಿಗೆ ಓಗೋಳಿದ್ದೆ. ಗೊತ್ತಾ ನಿಮಗೆ?"

ಲೋಕೇಶ ಬೆಚ್ಚಿ ನೋಡಿದ. ಅವಳ ಭಯ ಅವನಿಗೆ ಕಂಡೇ ಇರಲಿಲ್ಲ. ತನ್ನ ಭಯದ ಹೊಗೆಯಲ್ಲಿ ಬೇರೆಯವರದು ಎಲ್ಲಿ ಕಾಣಬೇಕು?

"ನಾನೇ ಕರ್ಕಂಡೋಗಿ ಬುಟ್ಬತ್ತೀನಿ" ಎಂದ ಕೊನೆಗೆ. "ತಪ್ಪು ನಂದು. ನಿಮ್ಮಪ್ಪಂಗೂ ಎಲ್ಲಾ ನಾನೇ ಏಳ್ತೀನಿ."

ಪುಟ್ಟತಾಯಮ್ಮ ಕಣ್ಣೊರೆಸಿಕೊಂಡಳು. "ಹೊತ್ತಾಯ್ತು. ಅವ್ಳು ಉಂಡಿರ್ತಾಳೆ. ಬಾಗ್ಲು ಬಡ್ದು ತಗೀಲಾ."

ಲೋಕೇಶ ಎದ್ದು ಮೂರು ಸಲ ಬಾಗಿಲು ಬಡಿದ. ಚಿಲಕದ ಮೇಲೆ ಕೈ ಇಟ್ಟವನು ಅಲ್ಲೇ ನಿಂತುಬಿಟ್ಟ. ಹೇಮಶ್ರೀ ಹೋಗಿ ಪಕ್ಕದಲ್ಲಿ ನಿಂತಳು.

"ಈಗ್ಲೂ ನನ್ನ ಕಂಡ್ರೆ ಬಯ ಆಯ್ತದಾ ಹೇಮಾ?"

ಇಲ್ಲ ಎಂದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆದರೆ ಆ ಮನೆಯಲ್ಲಿ ಇನ್ನೊಂದು ಹೆಣ್ಣು ಅವನ ಮುಖ ನೋಡಿ ಸುಳ್ಳು ಹೇಳುವುದು ಅವಳಿಗೆ ಬೇಡವಾಗಿತ್ತು.

"ಆಯ್ತದೆ" ಎಂದಳು.

ಅವನು ತಲೆ ತಗ್ಗಿಸಿದ. ಅವಳು ಅವನ ಕೈಯ ಮೇಲೆ, ನೋಯದಂತೆ, ತನ್ನ ಕೈ ಇಟ್ಟಳು.

"ಬಯ ಆಯ್ತದೆ. ಆದ್ರೂ ಇರ್ತೀನಿ. ಬಾಗ್ಲು ತಗೀರಿ."