ಕುಸ್ಕೊ ನೋಡದ ಲೂಸ್ಮಿಲ

“ಸೋಮವಾರದಿಂದ ಬೇರೆ ಕಡೆ ಜ್ಯೂಸ್ ಕುಡೀರಿ,” ಎಂದಳು ಲೂಸ್ಮಿಲ, ಪಪ್ಪಾಯಿ ಹೋಳುಗಳನ್ನು ಮಿಕ್ಸಿಗೆ ಹಾಕುತ್ತಾ. “ನಾನು ಅರೆಕಿಪಾಗೆ ಹೋಗ್ತಿದ್ದೀನಿ. ಅಕ್ಕ ಅಲ್ಲಿ ಹೊಸ ಅಂಗಡಿ ತೆಗೆದಿದ್ದಾಳೆ. ಇನ್ನು ಅಲ್ಲೇ.”

ಕಟ್ಟೆಯ ಆಚೆ ನಿಂತಿದ್ದ ಅನಿಬಾಲ್ ಮಿಕ್ಸಿಯನ್ನೇ ನೋಡಿದ. ಗೈಡು ಆತ, ಮಾತೇ ಅವನ ಅನ್ನ. ಮೂರು ವರ್ಷಗಳಿಂದ ಬೆಳಿಗ್ಗೆ ಬೆಳಿಗ್ಗೆ ತನ್ನ ಪ್ರವಾಸಿಗರನ್ನು ಕುಸ್ಕೊದ ಸಾನ್ ಪೆದ್ರೊ ಮಾರುಕಟ್ಟೆಗೆ ಕರೆತಂದು ಅವಳ ಅಂಗಡಿಯ ಬೆಂಚಿನ ಮೇಲೆ ಕೂರಿಸುತ್ತಿದ್ದ. ಎಲ್ಲರೂ ಕುಡಿದಾದ ಮೇಲೆ ತನ್ನ ಖಾಲಿ ಲೋಟ ಮುಂದೆ ಚಾಚಿ, “ಕೊಸರು, ಕಸೇರಾ,” ಎನ್ನುತ್ತಿದ್ದ. ವಾಡಿಕೆಯ ಗಿರಾಕಿ ಅಂಗಡಿಯವಳನ್ನು ಕರೆಯುವುದೇ ಹಾಗೆ. ಮಿಕ್ಸಿಯಲ್ಲಿ ಉಳಿದದ್ದನ್ನು ಅವಳು ಅವನ ಲೋಟಕ್ಕೆ ಸುರಿಯುತ್ತಿದ್ದಳು. ಅಷ್ಟು ಉಳಿಯಲೆಂದೇ ಅವಳು ಒಂದು ಹಣ್ಣು ಹೆಚ್ಚಿಗೆ ಹಾಕುತ್ತಿದ್ದಳೆಂದು ಅವನಿಗೆ ಗೊತ್ತಿರಲಿಲ್ಲ.

ಇವತ್ತು ಅವನು ಲೋಟ ಚಾಚಲಿಲ್ಲ.

“ಒಂದೇ ಕೊರಗು ನೋಡಿ,” ಎಂದಳು ಅವಳೇ. “ಎಲ್ಲೆಲ್ಲಿಂದಲೋ ಬಂದವರಿಗೆ ನೀವು ಈ ಊರು ತೋರಿಸ್ತೀರಿ. ಇಲ್ಲೇ ಹುಟ್ಟಿದೋಳು ನಾನು, ಒಂದೂ ನೋಡಿಲ್ಲ. ಬೆಳಗಾದ್ರೆ ಹಣ್ಣು, ಸಂಜೆ ಆದ್ರೆ ಕಾಲುನೋವು.”

“ಭಾನುವಾರ ನನಗೆ ಗುಂಪಿಲ್ಲ. ಬನ್ನಿ, ತೋರಿಸ್ತೀನಿ.” ಆಮೇಲೆ ದನಿ ತಗ್ಗಿಸಿ ಕೇಳಿದ, “ಮನೇಲಿ ಏನೂ ಅನ್ನಲ್ವಾ?”

“ನನ್ನನ್ನ ಅನ್ನೋರು ಯಾರಿದ್ದಾರೆ?”

ಭಾನುವಾರ ಅವಳು ಹಸಿರು ಸ್ವೆಟರ್ ತೊಟ್ಟು, ಕಂದು ಟೋಪಿ ಇಟ್ಟುಕೊಂಡು ಚೌಕದ ಕಾರಂಜಿಯ ಹತ್ತಿರ ಬಂದಳು. ಅವನು ಆಗಲೇ ಕಾಯುತ್ತಿದ್ದ. ನೀರು ಹಚ್ಚಿ ಬಾಚಿದ ತಲೆ ಇನ್ನೂ ಒದ್ದೆಯಿತ್ತು.

ಅವನು ಮೊದಲು ಕರೆದುಕೊಂಡು ಹೋದದ್ದು ಒಂದು ಓಣಿಯ ಹಳೇ ಕಲ್ಲುಗೋಡೆಗೆ. ಬೆನ್ನಿಗೆ ಹಣ್ಣಿನ ಹೊರೆ ಕಟ್ಟಿಕೊಂಡು, ತಲೆ ಬಗ್ಗಿಸಿ, ಅದೆಷ್ಟು ಸಲ ಅವಳು ಅದರ ಪಕ್ಕದಲ್ಲೇ ನಡೆದಿದ್ದಳೋ. ಕಂಡದ್ದು ಕಾಲ ಕೆಳಗಿನ ಕಲ್ಲು ಮಾತ್ರ.

“ಈ ದೊಡ್ಡ ಕಲ್ಲಿಗೆ ಎಷ್ಟು ಮೂಲೆ, ಎಣಿಸಿ,” ಎಂದು ಅವನು ಗಾಳಿಯಲ್ಲೇ ಬೆರಳಾಡಿಸಿ ತೋರಿಸಿದ.

ಅವಳ ಕಣ್ಣು ಕಲ್ಲು ಬಿಟ್ಟು ಬೆರಳಿನ ಹಿಂದೆ ಹೋಯಿತು. “ಹನ್ನೊಂದು.”

“ಹನ್ನೆರಡು.”

“ಒಂದನ್ನ ನಿಮ್ಮ ಕೈ ಮುಚ್ಚಿತ್ತು,” ಎಂದಳು. ತಪ್ಪನ್ನು ಒಪ್ಪಿಕೊಳ್ಳುವ ಹೆಣ್ಣಲ್ಲ.

ದೊಡ್ಡ ಚರ್ಚಿನಲ್ಲಿ ಏಸುವಿನ ಕೊನೆಯ ಊಟದ ಚಿತ್ರದ ಮುಂದೆ ನಿಂತರು. ತಟ್ಟೆಯಲ್ಲಿ, ಈ ಊರಿನ ಹಬ್ಬದೂಟದ ಹಾಗೇ, ಹುರಿದ ಗಿನಿಪಿಗ್ ಕಾಲು ಚಾಚಿ ಮಲಗಿತ್ತು. ಲೂಸ್ಮಿಲ ಬಹಳ ಹೊತ್ತು ನೋಡಿ, “ಆಲೂಗಡ್ಡೆ ಇಲ್ಲದೆ ಹೇಗೆ ತಿಂದ್ರೋ ಪಾಪ,” ಎಂದಳು. ಅನಿಬಾಲ್ ನಗು ತಡೆಯಲಾರದೆ ಕೆಮ್ಮಿದ. ಮುಂದಿನ ಸಾಲಿನ ಅಜ್ಜಿ ತಿರುಗಿ ನೋಡಿ ಗದರಿದಳು. ಇಬ್ಬರೂ ಶಾಲೆಯ ಮಕ್ಕಳ ಹಾಗೆ ಹೊರಗೆ ಓಡಿಬಂದರು.

ಮಧ್ಯಾಹ್ನ ಸಾನ್ ಬ್ಲಾಸ್ ಬಡಾವಣೆಯ ಏರಿನಲ್ಲಿ, ಮುಸುಕಿನ ಜೋಳದ ಹೆಂಡ ಚಿಚಾ ಮಾರುವ ಒಂದು ಹಳೇ ಅಂಗಡಿ ಹೊಕ್ಕರು. ಬೇಯಿಸಿದ ಜೋಳದ ತೆನೆ, ಚೀಸು, ದೊಡ್ಡ ಲೋಟಗಳಲ್ಲಿ ನೊರೆಯೆದ್ದ ಚಿಚಾ. ಅಂಗಳದಲ್ಲಿ ಪೆಟ್ಟಿಗೆಯ ಮೇಲೆ ಹಿತ್ತಾಳೆಯ ಕಪ್ಪೆಯೊಂದು ಬಾಯಿ ತೆರೆದು ಕೂತಿತ್ತು. ದೂರ ನಿಂತು ಅದರ ಬಾಯಿಗೆ ಬಿಲ್ಲೆ ಎಸೆಯುವುದು ಆಟ. ಅನಿಬಾಲ್ ಎಸೆದದ್ದು ಪಕ್ಕದ ಮೇಜಿನ ಕೆಳಗೆ ಉರುಳಿತು. ಲೂಸ್ಮಿಲ ಎಸೆದದ್ದು ನೇರ ಕಪ್ಪೆಯ ಗಂಟಲಿಗೆ.

“ನಿನ್ನ ಹೆಂಡತಿ ಕೈ ಚೆನ್ನಾಗಿದೆಯಪ್ಪ,” ಎಂದಳು ಅಂಗಡಿಯ ಮುದುಕಿ.

“ಹೆಂಡತಿ ಅಲ್ಲಮ್ಮ,” ಅನಿಬಾಲ್ ಗಡಬಡಿಸಿದ. “ಇವರ ಯಜಮಾನ್ರು ಬೇರೆ ಇದ್ದಾರೆ.”

ಲೂಸ್ಮಿಲ ಎತ್ತಿದ್ದ ಬಿಲ್ಲೆಯನ್ನು ಕೆಳಗಿಟ್ಟಳು. “ಯಾವ ಯಜಮಾನ್ರು?”

“ದಿನಾ ಬೈಕಲ್ಲಿ ಹಣ್ಣು ತಂದು ಹಾಕ್ತಾರಲ್ಲ. ಮೀಸೆಯವರು.”

“ಅವನು ನನ್ನ ತಮ್ಮ.”

ಅನಿಬಾಲ್ ಲೋಟ ಎತ್ತಿ, ಕುಡಿಯದೆ, ಮತ್ತೆ ಇಟ್ಟ. ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಸಿಟ್ಟೂ ಬಂತು. “ಊರಿನ ಒಂದೊಂದು ಕಲ್ಲಿನ ಕಥೆ ಕೇಳಿ ತಿಳ್ಕೊಂಡಿದ್ದೀರಿ. ಮೂರು ವರ್ಷದಲ್ಲಿ ಇದೊಂದು ಕೇಳೋಕೆ ಆಗ್ಲಿಲ್ವಾ?”

“ಕಲ್ಲು ನನ್ನನ್ನ ಬೇಡ ಅನ್ನಲ್ಲ,” ಎಂದ ಅವನು ತಲೆ ತಗ್ಗಿಸಿ.

ಆಮೇಲೆ ಗುಡ್ಡದ ಮೇಲಿನ ಸಾನ್ ಕ್ರಿಸ್ತೋಬಾಲ್ ಚರ್ಚಿನ ಜಗಲಿಯವರೆಗೂ ಹತ್ತಿದರು. ಕೆಳಗೆ ಕೆಂಪು ಹೆಂಚಿನ ಊರು ಸಂಜೆಯ ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಎಲ್ಲೋ ನೀಲಗಿರಿ ಸೌದೆಯ ಹೊಗೆ ಏಳುತ್ತಿತ್ತು. ತನ್ನ ಊರು ಇಷ್ಟು ಚೆಂದವಿದೆಯೆಂದು ಲೂಸ್ಮಿಲಳಿಗೆ ತಿಳಿದದ್ದು ಹೊರಡುವ ಹಿಂದಿನ ದಿನ.

“ನಿಮ್ಮ ನಗು ಕೆಲಸದ್ದು ಅಂದ್ಕೊಂಡಿದ್ದೆ ನಾನು,” ಎಂದಳು. “ಎಲ್ಲರಿಗೂ ಒಂದೇ ಥರ ನಗ್ತೀರಲ್ಲ.”

“ಕೆಲಸದ್ದೇ. ನಿಮ್ಮ ಅಂಗಡಿ ಬರೋ ತನಕ.”

ಅವಳು ಟೋಪಿಯ ಅಂಚನ್ನು ಕಣ್ಣಿನ ಮೇಲಕ್ಕೆ ಎಳೆದುಕೊಂಡಳು. ಬಿಸಿಲು ಅಷ್ಟೇನೂ ಇರಲಿಲ್ಲ.

“ಲೂಸ್ಮಿಲ,” ಎಂದ ಅವನು. “ಹೋಗಬೇಡ.”

ಕಸೇರಾ ಹೋಗಿತ್ತು; ‘ನೀವು’ ಕೂಡ ಹೋಗಿತ್ತು. ಅವನ ಬಾಯಲ್ಲಿ ತನ್ನ ಹೆಸರನ್ನು ಅವಳು ಕೇಳಿದ್ದು ಅದೇ ಮೊದಲು. ಸ್ವಲ್ಪ ಹೊತ್ತು ಹೆಂಚುಗಳನ್ನೇ ನೋಡಿ, ಫೋನ್ ತೆಗೆದಳು.

“ಅಕ್ಕಾ, ನಾಳೆ ನಾನು ಬರೋದು...”

“ಯಾಕೆ, ಆ ಗೈಡು ಕೊನೆಗೂ ಬಾಯಿ ಬಿಟ್ನಾ?” ಅಕ್ಕನ ದನಿ ಜಗಲಿಗೆಲ್ಲ ಕೇಳುವಷ್ಟು ಜೋರು. “ಫೋನ್ ಮಾಡಿದಾಗೆಲ್ಲ ಅವನದೇ ಪುರಾಣ. ಇವತ್ತು ನೀಲಿ ಶರ್ಟ್ ಹಾಕಿದ್ದ, ಇವತ್ತು ಬರ್ಲೇ ಇಲ್ಲ, ಜ್ವರವೋ ಏನೋ...”

“ಅಕ್ಕಾ, ಅವರು ಪಕ್ಕದಲ್ಲೇ ಇದ್ದಾರೆ.”

ಅಕ್ಕನ ದನಿ ಥಟ್ಟನೆ ತಗ್ಗಿತು. “ಮತ್ತೆ ನಾನು ತಂದಿಟ್ಟ ಹೊಸ ಮಿಕ್ಸಿ?”

“ಬಂದು ನೋಡ್ತೀವಿ ಬಿಡು.”

“ನೋಡ್ತೀವಿ ಅಂದ್ರೆ?”

ಲೂಸ್ಮಿಲ ತಿರುಗಿ ಅನಿಬಾಲನನ್ನು ನೋಡಿದಳು. ಅವನ ಮುಖದಲ್ಲಿ ಯಾವ ನಗುವೂ ಇರಲಿಲ್ಲ. ಉಸಿರು ಹಿಡಿದುಕೊಂಡು ನಿಂತಿದ್ದ.

“ಇಬ್ಬರೂ,” ಎಂದಳು.

ಅವನ ಕೈ ಅವಳ ಕೈಯನ್ನು ಹುಡುಕಿಕೊಂಡು ಬಂತು. ಮೆಟ್ಟಿಲು ಇಳಿಯುವಾಗ ದಾರಿಯುದ್ದಕ್ಕೂ ಅವನು ಊರಿನ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ.