‘ಬರ್ತೇನ್ರಿ’ ಅಂದು ಹೋದವನು

ಎದ್ದು ಹೋಗುವವರು ‘ಬರ್ತೇನ್ರಿ’ ಅನ್ನಬೇಕೆಂದು ನಮ್ಮ ಸೀಮೆಯಲ್ಲಿ ಮೊದಲು ಕಲಿಸಿದವರು ಯಾರೋ ಗೊತ್ತಿಲ್ಲ. ಸಿಕ್ಕಿದ್ದರೆ ನಿಲ್ಲಿಸಿಕೊಂಡು ಚೆನ್ನಾಗಿ ದಬಾಯಿಸುತ್ತಿದ್ದೆ. ಹೋಗುತ್ತೇನೆ ಎನ್ನಬಾರದಂತೆ, ಅಪಶಕುನವಂತೆ. ಹಾಗಾಗಿ ಎಲ್ಲರೂ ಬರ್ತೇನ್ರಿ, ಬರ್ತೇನ್ರಿ ಎನ್ನುತ್ತಲೇ ಹೋಗುತ್ತಾರೆ. ಅವರಲ್ಲಿ ನಿಜವಾಗಿ ಬರುವವರು ಯಾರು ಎಂದು ಹಿಂದೆ ಉಳಿದವಳಿಗೆ ತಿಳಿಯುವುದು ಹೇಗೆ?

ಜಿನದತ್ತನ ವಿಷಯದಲ್ಲಿ ನನಗೆ ತಿಳಿಯಲಿಲ್ಲ. ಅವನ ಮಾತುಗಳೇ ಹಾಗೆ. ಮೊದಲ ದಿನದಿಂದಲೂ ಒಂದೊಂದಕ್ಕೆ ಎರಡೆರಡು ಅರ್ಥ.

ಆಗ ಜಮಖಂಡಿ ಇನ್ನೂ ಸಂಸ್ಥಾನವಾಗಿತ್ತು. ನಾನು ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ಊರ ಹೊರಗಿನ ಕೆರೆಯ ಸುತ್ತ ಗರಸು ಮಣ್ಣು ಹಾಕಿಸಿ ಅಡ್ಡಾಡುವವರಿಗೆಂದೇ ಒಂದು ಹಾದಿ ಮಾಡಿಸಿದ್ದರು. ಒಂದು ಮಗ್ಗುಲಿಗೆ ಗುಡ್ಡ, ಒಂದು ಮಗ್ಗುಲಿಗೆ ಜಾಲಿಮರಗಳು, ನಡುವೆ ನೀರು. ಶಾಲೆ ಬಿಟ್ಟ ಮೇಲೆ ಒಂದು ಸುತ್ತು ಹಾಕದೆ ಮನೆಗೆ ಹೋದರೆ ನನಗೆ ಊಟ ಸೇರುತ್ತಿರಲಿಲ್ಲ.

ಮನೆಯಲ್ಲಿ ಇದ್ದವರು ನನ್ನನ್ನು ಬೆಳೆಸಿದ ಅಜ್ಜಿ ಅಕ್ಕವ್ವ, ನಾವು ಆಯಿ ಎನ್ನುತ್ತಿದ್ದವಳು, ಮತ್ತು ಅವಳ ಮಗ, ಬೆಲ್ಲದ ವ್ಯಾಪಾರದ ನೇಮಿನಾಥ ಕಾಕಾ. ಅಂದು ಕಾಕಾನ ಮೇಲೆ ಸಿಟ್ಟು ಬಂದಿತ್ತು. ಎದುರಿಗೆ ಆಡಲಾಗದ್ದನ್ನು ಹಾದಿಯಲ್ಲಿ ಒಬ್ಬಳೇ ಆಡಿಕೊಳ್ಳುತ್ತಾ ಹೊರಟಿದ್ದೆ.

“ವರಾ ನೋಡೂದಂದ್ರ ಮಹಾಲಿಂಗಪುರದ ಪ್ಯಾಟ್ಯಾಗ ಬೆಲ್ಲಾ ನೋಡಿದಂಗಲ್ಲ ಕಾಕಾ. ನನ್ನೂ ಒಂದ ಮಾತ ಕೇಳಬೇಕಲ್ಲ?”

“ಸರೀರಿ, ಸರೀರಿ” ಎಂದಿತು ಹಿಂದಿನಿಂದ ಒಂದು ದನಿ.

ಸಂತೋಷವಾಯಿತು. ಯಾರಾದರೊಬ್ಬರು ಒಪ್ಪಿದರಲ್ಲ ಎಂದು ತಿರುಗಿ ನೋಡಿದೆ. ಒಂದು ಸೈಕಲ್ಲು ನನ್ನನ್ನು ತಪ್ಪಿಸಲು ಹೋಗಿ, ಹಾದಿ ಬಿಟ್ಟು, ಕೆರೆಯಂಚಿನ ಕೆಸರಿಗೆ ಇಳಿದು ನಿಂತಿತ್ತು. ಹಿಂದೆ ಸೀರೆಗಳ ದೊಡ್ಡ ಗಂಟು, ಮೇಲೆ ಒಬ್ಬ ಎತ್ತರದ ತರುಣ.

“ನಿಮಗೂ ಹಂಗ ಅನಸ್ತೈತೇನ್ರಿ?” ಎಂದೆ.

“ಹೆಂಗ್ರಿ?”

“ಸರೀರಿ ಅಂದ್ರೆಲ್ಲ.”

“ಬಾಜೂಕ ಸರೀರಿ ಅಂದ್ನಿ. ಸೈಕಲ್ಲಿನ ಗಂಟಿ ಕೆಟ್ಟೈತ್ರಿ.”

ನನ್ನ ಮುಖ ಎಷ್ಟು ಕೆಂಪಾಯಿತೋ. ಅವನು ಸೈಕಲ್ಲನ್ನು ಮೇಲೆಳೆದು, ಸೀರೆಗಳಿಗೆ ಕೆಸರು ತಾಗಿದೆಯೇ ಎಂದು ನೋಡಿ, ಮತ್ತೆ ಹತ್ತಿಕೊಂಡ. ಸ್ವಲ್ಪ ದೂರ ಹೋಗಿ ಕುತ್ತಿಗೆ ಹೊರಳಿಸಿ ನನ್ನನ್ನು ನೋಡಿದ.

“ಆದ್ರ ನೀವ ಅಂದದ್ದೂ ಸರಿನ ಐತ್ರಿ.”

ಅವನೇ ಜಿನದತ್ತ, ರಬಕವಿಯ ಪಾರ್ಶ್ವನಾಥರ ಮಗ. ಮನೆಯ ಮಗ್ಗದ ಸೀರೆಗಳನ್ನು ಸೈಕಲ್ ಮೇಲೆ ಹೇರಿಕೊಂಡು ಜಮಖಂಡಿಯ ಅಂಗಡಿಗಳಿಗೆ ಮುಟ್ಟಿಸುವುದು ಅವನ ಕೆಲಸ. ನಮ್ಮಂತೆ ಜೈನರ ಮನೆಯವನೇ ಎಂದು ಬಸದಿಯಲ್ಲಿ ಕಂಡಾಗ ತಿಳಿಯಿತು. ಅವನು ಎಂದು ಬರೆಯುತ್ತಿದ್ದೇನೆ. ಎದುರಿಗೆ ಆಗಲೂ ಬಹುವಚನ, ಈಗಲೂ ಬಹುವಚನ.

ಆಮೇಲೆ ಅವನು ಊರಿಗೆ ಬಂದಾಗಲೆಲ್ಲ ಮರಳುವುದು ಕೆರೆಯ ಹಾದಿಯಿಂದಲೇ ಆಯಿತು.

“ಈ ಹಾದಿ ರಬಕವಿಗಿ ಹೋಗತೈತೇನ್ರಿ?” ಎಂದು ಒಮ್ಮೆ ಕೇಳಿದೆ.

“ಹೋಗತೈತ್ರಿ. ಸ್ವಲ್ಪ ಸುತ್ತ ಆಗತೈತಿ.”

“ಕೆರಿ ಸುತ್ತಿ ಹೊರಟಲ್ಲೇ ಬಂದ ನಿಂದರತೈತ್ರಿ ಇದು.”

“ಅದಕ್ಕ ಛಲೋ ಹಾದಿ ಅನ್ನೂದು.”

ಅವನು ಸೈಕಲ್ ತಳ್ಳಿಕೊಂಡು ನಡೆಯುತ್ತಿದ್ದ, ನಾನು ಈಚೆ ಬದಿಗೆ. ನಡುವೆ ಸೈಕಲ್ಲು ಹಿರಿಯರಂತೆ ಸಾಗುತ್ತಿತ್ತು. ಮಾತಾಡುವಾಗ ಅವನು ಹ್ಯಾಂಡಲನ್ನೇ ನೋಡುತ್ತಿದ್ದ. ನಾನು ನೀರಿನ ಕಡೆ ತಿರುಗಿದರೆ ಮಾತ್ರ ನನ್ನನ್ನು ನೋಡುತ್ತಿದ್ದ. ಅದು ನನಗೆ ಗೊತ್ತಿತ್ತು. ಅದಕ್ಕೇ ನೀರನ್ನು ಬಹಳ ಹೊತ್ತು ನೋಡುತ್ತಿದ್ದೆ.

“ಗಂಟಿ ಯಾಕ ರಿಪೇರಿ ಮಾಡಸವಲ್ರಿ?”

“ಮಾಡಿಸಿದ್ರ ನಿಮ್ಮ ಹಿಂದ ಬಂದು ಏನಂತ ಕೂಗಲಿ ಅಕ್ಕೋರ?”

ಈ ಅಕ್ಕೋರ ಒಂದು ನನ್ನ ನಿದ್ದೆ ಕೆಡಿಸಿತ್ತು. ಶಾಲೆಯಲ್ಲಿ ಕಲಿಸುವ ಹೆಂಗಸರನ್ನೆಲ್ಲ ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ, ನಿಜ. ಹಾಲಿನವಳೂ ಅನ್ನುತ್ತಾಳೆ, ತಪಾಲಿನವನೂ ಅನ್ನುತ್ತಾನೆ. ಆದರೆ ಇವನು ಅಂದಾಗ, ಇದು ಗೌರವವೋ, ಚೇಷ್ಟೆಯೋ, ಇಲ್ಲ ನಿಜವಾಗಿಯೂ ಅಕ್ಕ ಅಂದುಕೊಂಡಿದ್ದಾನೋ ಎಂದು ತಲೆ ಕೆಡುತ್ತಿತ್ತು. ಅಷ್ಟು ದಿನ ಜೊತೆಗೆ ನಡೆದರೂ ಇಷ್ಟ ಎನ್ನುವ ಮಾತು ಅವನೂ ಆಡಲಿಲ್ಲ, ನಾನೂ ಆಡಲಿಲ್ಲ. ಆಡುವ ಹೊತ್ತು ತಾನಾಗಿ ಬರುತ್ತದೆ ಎಂದುಕೊಂಡಿದ್ದೆ.

ಅದು ಬಂದದ್ದು ಒಂದು ಶುಕ್ರವಾರ ಬೆಳಗ್ಗೆ, ಕಾಕಾನ ಬಾಯಿಂದ.

“ಮುಧೋಳದ ಮನಿತನ ಛಲೋ ಐತಿ. ಸೋಮವಾರ ಹೋಗಿ ಮಾತ ಕೊಟ್ಟ ಬರ್ತೇನಿ” ಎಂದ.

ಕಾಕಾ ಕೊಟ್ಟ ಮಾತು ತಿರುಗುವುದಿಲ್ಲ. ನಾನು ಅಡುಗೆಮನೆಗೆ ಹೋಗಿ ಆಯಿಯ ಹತ್ತಿರ ನಿಂತೆ. ಆಯಿಯ ಕಣ್ಣು ಮಂಜಾಗಿದ್ದರೂ ಕಾಣಬೇಕಾದದ್ದು ಕಂಡಿತ್ತು.

“ಯಾರರ ಕೇಳಾವ್ರ ಇದ್ರ ರವಿವಾರ ಹೊತ್ತ ಮುಳುಗೂದ್ರಾಗ ಮನೀಗಿ ಬಂದ ಕೇಳ್ಲಿ. ಒಂದ ತಾಟ ಹೆಚ್ಚ ಹಾಕ್ತೇನಿ. ಆಮ್ಯಾಲ ನನ್ನ ಕೈಯಾಗ ಏನೂ ಇಲ್ಲ ನೋಡವಾ” ಎಂದಳು.

ನಮ್ಮ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಊಟವಿಲ್ಲ. ಕರೆದ ಅತಿಥಿ ಸೂರ್ಯ ಇರುವಾಗಲೇ ಬರಬೇಕು.

ಅಂದು ಸಂಜೆ ಕೆರೆಯ ತಿರುವಿನಲ್ಲಿ ಅವನು ಸಿಕ್ಕ.

“ನಮ್ಮ ಕಾಕಾ ಸೋಮವಾರ ಮುಧೋಳಕ್ಕ ಹೊಂಟಾರ್ರಿ. ನಂದು ಮಾತ ಕೊಡಾಕ.”

ಹ್ಯಾಂಡಲ್ ಮೇಲಿದ್ದ ಅವನ ಕೈ ಬಿಗಿಯಾಯಿತು.

“ರವಿವಾರ ನಮ್ಮ ಮನ್ಯಾಗ ಊಟ ಐತ್ರಿ, ಹೊತ್ತ ಮುಳುಗೂದ್ರಾಗ...”

ಅಷ್ಟರಲ್ಲಿ ತಿರುವಿನಾಚೆ ಹೆಂಗಸರ ನಗು ಕೇಳಿತು. ನಮ್ಮ ಓಣಿಯ ಬೋರವ್ವ, ಜೊತೆಗೆ ಇನ್ನಿಬ್ಬರು. ಉಳಿದ ಮಾತನ್ನೆಲ್ಲ ನುಂಗಿ ಒಂದೇ ಮಾತಿನಲ್ಲಿ ಮುಗಿಸಿದೆ.

“ಬರ್ರಿ.”

ಅವನು ಸೈಕಲ್ ಹತ್ತಿದ. “ಬರ್ತೇನ್ರಿ” ಎಂದ. ಹೋದ.

ಬಂದೇ ಬರುತ್ತೇನೆ ಅಂದನೋ? ಇಲ್ಲ, ಹೋಗುವವರು ಅನ್ನುವ ಬರ್ತೇನ್ರಿ ಅಂದನೋ? ನಾನು ಅಲ್ಲೇ ನಿಂತು ಆ ಒಂದು ಮಾತನ್ನು ಮತ್ತೆ ಮತ್ತೆ ಕೇಳಿಸಿಕೊಂಡೆ. ದನಿಯಲ್ಲಿ ನಗುವಿರಲಿಲ್ಲ. ಸಿಟ್ಟೂ ಇರಲಿಲ್ಲ. ಬೋರವ್ವ ಎದುರಿಗೆ ಬಂದು “ಯಾಕವಾ ಹೀರಾ, ಏನರ ಕಳೀತೇನ?” ಎಂದಾಗ ಹೌದು ಎಂದುಬಿಟ್ಟೆ. ಪಾಪ, ಅವರೆಲ್ಲ ಬಗ್ಗಿ ಹಾದಿಯಲ್ಲಿ ಹುಡುಕಿದರು.

ಶನಿವಾರ ಶಾಲೆಯಲ್ಲಿ ಕೂಡಿಸುವ ಲೆಕ್ಕವನ್ನು ಕಳೆದು ತೋರಿಸಿದೆ.

ರವಿವಾರ ಆಯಿ ಶೇಂಗಾ ಹೋಳಿಗೆ ಮಾಡಿದಳು. ಮಣೆ ಹಾಕಿ, ತಾಟು ತೊಳೆದು ಇಟ್ಟಳು. ಬಿಸಿಲು ಅಂಗಳದಿಂದ ಗೋಡೆಗೆ ಏರಿತು, ಗೋಡೆಯಿಂದ ಮಾಳಿಗೆಯ ಅಂಚಿಗೆ. ಹೊರಗೆ ಸೈಕಲ್ ಸಪ್ಪಳವಾದಾಗಲೆಲ್ಲ ನಾನು ಎದ್ದು ಹೋಗಿ, ಯಾರದೋ ಸೈಕಲ್ಲು ನೋಡಿ ಮರಳಿದೆ. ಕಾಕಾ ಕಟ್ಟೆಯ ಮೇಲೆ ಕುಳಿತು ಸೋಮವಾರದ ಅಂಗಿಗೆ ಗುಂಡಿ ಹಚ್ಚುತ್ತಿದ್ದ.

“ಬರ್ತೇನಿ ಅಂದಿದ್ನೇನ?” ಎಂದು ಆಯಿ ಮೆಲ್ಲಗೆ ಕೇಳಿದಳು.

“ಅಂದಿದ್ರು.”

“ಬರಾಕ ಅಂದಿದ್ನೋ, ಹೋಗಾಕ ಅಂದಿದ್ನೋ?”

ನನಗೆ ಅಳು ಬಂತು. ಆಯಿ ಸೆರಗಿನಿಂದ ನನ್ನ ಮುಖ ಒರೆಸಿದಳು.

“ಕೆರೀತನ ಹೋಗಿ ನೋಡಿ ಬಾ. ನಾ ದೀಪ ಹಚ್ಚೂದ್ರಾಗ ಮನಿ ಸೇರಬೇಕ ಮತ್ತ.”

ಓಡುತ್ತಲೇ ಹೋದೆ. ಕೆರೆಯ ಹತ್ತಿರ ಯಾರೂ ಇರಲಿಲ್ಲ. ಬಸದಿಯಲ್ಲಿ ಪ್ರದಕ್ಷಿಣೆ ಹಾಕಿದ ಕಾಲುಗಳು ನನ್ನವು. ಕೆರೆಯನ್ನು ಬಲಕ್ಕೆ ಹಾಕಿಕೊಂಡೇ ನಡೆದು ರೂಢಿ. ಹಾಗೇ ಹೊರಟೆ. ಅರ್ಧ ದಾರಿಗೆ ಬಂದಾಗ ನೀರಿನಾಚೆ ಕಣ್ಣು ಹೋಯಿತು. ಯಾರೋ ಸೈಕಲ್ ತಳ್ಳಿಕೊಂಡು ನಡೆಯುತ್ತಿದ್ದರು. ಆ ಎತ್ತರ, ಆ ಬಗ್ಗಿದ ತಲೆ.

ಅವನೇ. ಬಂದಿದ್ದಾನೆ. ಆದರೆ ಮನೆಗೆ ಬಾರದೆ ಇಲ್ಲೇಕೆ ತಿರುಗುತ್ತಿದ್ದಾನೆ?

ಬೇಗ ಬೇಗ ಹೆಜ್ಜೆ ಹಾಕಿದೆ. ಅವನೂ ನನ್ನನ್ನು ಕಂಡ, ಅವನೂ ಬೇಗ ಹೆಜ್ಜೆ ಹಾಕಿದ. ಅವನೂ ಬಸದಿಯ ಕಾಲಿನವನೇ, ಕೆರೆಯನ್ನು ಬಲಕ್ಕೆ ಹಾಕಿಕೊಂಡಿದ್ದ. ನಾನು ಅವನಿದ್ದಲ್ಲಿಗೆ ಮುಟ್ಟಿದಾಗ ಅವನು ನಾನಿದ್ದಲ್ಲಿಗೆ ಮುಟ್ಟಿದ್ದ. ನಡುವೆ ಮತ್ತೆ ಪೂರಾ ಕೆರೆ. ಎಷ್ಟು ಓಡಿದರೂ ಅಷ್ಟೇ ದೂರ.

ತಪ್ಪು ತಿಳಿಯಿತು. ತಟ್ಟನೆ ಹಿಂದಿರುಗಿದೆ. ಅವನಿಗೂ ಅದೇ ಹೊತ್ತಿಗೆ ತಿಳಿಯಿತು ಅಂತ ಕಾಣುತ್ತದೆ, ಅವನೂ ಸೈಕಲ್ ಹೊರಳಿಸಿದ. ಸಾಕಾಗಿ ಒಂದು ಕಲ್ಲಿನ ಮೇಲೆ ಕುಳಿತೆ. ಆಚೆ ಅವನೂ ನಿಂತುಬಿಟ್ಟ.

ಸೂರ್ಯ ಗುಡ್ಡಕ್ಕೆ ತಾಗಿದ್ದ. ಕೂಗಬೇಕು, ಆದರೆ ಏನೆಂದು ಕೂಗಲಿ? ಬರ್ರಿ ಎಂದರೆ ಮತ್ತೆ ಹೋಗಿಬಿಟ್ಟರೆ? ಎದ್ದು ನಿಂತು, ಒಮ್ಮೆಯೂ ಬಾಯಿಬಿಟ್ಟು ಹೇಳದ ಆ ಹೆಸರನ್ನು ಕೆರೆ ತುಂಬ ಕೇಳುವಂತೆ ಕೂಗಿದೆ.

“ಜಿನದತ್ತರ, ಅಲ್ಲೇ ನಿಂದರ್ರಿ.”

ಮದುವೆಯಾದವಳು ಗಂಡನ ಹೆಸರು ಹಿಡಿಯಬಾರದು. ಹಾಗಾಗಿ ಅದೇ ಮೊದಲು, ಅದೇ ಕೊನೆ. ಬರೆಯಬಾರದು ಎಂದು ಯಾರೂ ಹೇಳಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮುಟ್ಟುವವರೆಗೆ ಅವನು ಕದಲಲಿಲ್ಲ.

“ಜಾಲಿಮುಳ್ಳ ಹೊಕ್ಕೈತ್ರಿ ಗಾಲೀಗಿ” ಎಂದ, ಅದನ್ನೇ ಕೇಳಲು ನಾನು ಓಡಿ ಬಂದವಳಂತೆ.

“ಮನೀಗಿ ಯಾಕ ಬರಲಿಲ್ರಿ?”

“ಮುಧೋಳದವರ ಊಟಕ್ಕ ನಾ ಯಾಕ ಬರ್ಲಿ?”

“ಮುಧೋಳದವರ ಊಟಾ ಅಂತ ಯಾರ ಹೇಳಿದ್ರು ನಿಮಗ?”

“ನೀವ. ಮಾತ ಕೊಡ್ತಾರ ಅಂದ್ರಿ. ರವಿವಾರ ಊಟ ಐತಿ ಅಂದ್ರಿ. ಆಮ್ಯಾಲ ಬರ್ರಿ ಅಂತ ಹೇಳಿ ಕಳಿಸಿದ್ರಿ.”

“ಬರ್ರಿ ಅಂದ್ರ ಬರ್ರಿ ಅಂತ.”

“ಹೋಗಿ ಬರ್ರಿ ಅಂದ್ರಿ ಅನ್ಕೊಂಡ್ನಿ.”

“ನೀವ ಬರ್ತೇನಿ ಅಂದಿದ್ರಿ.”

“ಹೊಂಟಾಂವ ಮತ್ತೇನ ಅನಬೇಕ್ರಿ?”

ಎರಡು ದಿನ ನಾನು ಅವನ ಮಾತಿನಲ್ಲಿ ಸಿಕ್ಕಿಬಿದ್ದಿದ್ದೆ, ಅವನು ನನ್ನ ಮಾತಿನಲ್ಲಿ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ಹಂಗಾರ ಇವತ್ತ ಯಾಕ ಬಂದ್ರಿ?” ಎಂದೆ.

ಅಂದು ಅವನು ನಾನು ನೀರಿನ ಕಡೆ ತಿರುಗಲಿ ಎಂದು ಕಾಯಲಿಲ್ಲ. ನೇರ ನನ್ನ ಕಣ್ಣನ್ನೇ ನೋಡಿದ.

“ಸುಮ್ಮ ಕುಂದ್ರಾಕ ಆಗಲಿಲ್ಲ. ನಿಮ್ಮನ್ನ ಬಿಟ್ಟ ಇರಾಕ ನನಗ ಆಗೂದಿಲ್ರಿ. ನನ್ನ ಲಗ್ನ ಆಗ್ತೀರೇನ ಅಕ್ಕೋರ?”

“ಇನ್ನೊಮ್ಮೆ ಅಕ್ಕೋರ ಅಂದ್ರ ಸೈಕಲ್ ಕೆರ್ಯಾಗ ಒಗೀತೇನಿ.”

“ಮತ್ತೇನ ಅನ್ಲಿ?”

“ಹೀರಾ ಅನ್ರಿ. ಮತ್ತ, ಹೂಂ.”

“ಹೂಂ ಅಂದ್ರ?”

“ಆಗ್ತೇನಿ ಅಂತ. ಇದರಾಗ ಬ್ಯಾರೆ ಅರ್ಥ ಇಲ್ರಿ.”

“ಹೀರಾ” ಎಂದು ಅವನು ಮೆಲ್ಲಗೆ ಅಂದ. ನನ್ನ ಹೆಸರು ಅಷ್ಟು ಚೆಂದ ಇದೆಯೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಇನ್ನೊಮ್ಮೆ ಅನ್ನಲಿ ಎಂದು ನಿಂತೆ. ಅಷ್ಟರಲ್ಲಿ ಗುಡ್ಡದ ಮೇಲಿನ ಕೆಂಪು ಕಣ್ಣಿಗೆ ಬಿತ್ತು.

ಗಾಳಿಯಿಲ್ಲದ ಸೈಕಲ್ಲನ್ನು ಅವನು ಹೆಗಲಿಗೇರಿಸಿದ. ಓಣಿಯವರೆಲ್ಲ ನೋಡುವಂತೆ ಇಬ್ಬರೂ ಓಡಿದೆವು.

ಬಾಗಿಲಿಗೆ ಬಂದಾಗ ಆಯಿ ದೀಪಕ್ಕೆ ಕಡ್ಡಿ ತಾಗಿಸುತ್ತಿದ್ದಳು. ನಾವು ನೋಡುತ್ತಿದ್ದಂತೆಯೇ ಅದು ಹತ್ತಿಕೊಂಡಿತು. ಅವನು ಸೈಕಲ್ ಇಳಿಸಿ, ಕೈ ಮುಗಿದು, ಉಸಿರು ಬಿಡುತ್ತಾ ನಿಂತ.

“ರಬಕವಿ ಪಾರ್ಶ್ವನಾಥರ ಮಗಾರಿ ನಾ. ಹೀರಾನ್ನ ಕೇಳಾಕ ಬಂದೇನಿ.”

ಕಾಕಾ ಅಂಗಿಯನ್ನು ಬದಿಗಿಟ್ಟ. “ಹೀರಾನ್ನ ಏನ ಕೇಳಾಂವ?” ಎಂದ.

ಮತ್ತೆ ಅದೇ ಸಂಕಟ. ನಾನು ಕಣ್ಣು ಮುಚ್ಚಿದೆ.

“ಹೀರಾನ್ನ ಕೇಳಿದ್ದ ಆತ್ರಿ” ಎಂದ ಅವನು. “ಆಕಿ ಹೂಂ ಅಂದಾಳ. ಈಗ ಹೀರಾನ್ನ ಕೊಡ್ರಿ ಅಂತ ನಿಮ್ಮನ್ನ ಕೇಳಾಕತ್ತೇನಿ.”

ನನ್ನನ್ನೂ ಒಂದು ಮಾತು ಕೇಳಬೇಕಲ್ಲ ಎಂದು ನಾನು ಕೆರೆಯ ಗಾಳಿಗೆ ಹೇಳಿದ್ದೆ. ಅಂದು ಹಿಂದಿನಿಂದ ಬಂದವನು ಅದನ್ನು ಮರೆತಿರಲಿಲ್ಲ. ಕಾಕಾ ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ನಾನು ತಲೆ ತಗ್ಗಿಸಲಿಲ್ಲ.

ಮಾತಾಡಿದವಳು ಆಯಿ. “ದೀಪಾ ಹಚ್ಚೇನಿ. ಇನ್ನ ಈ ಮನ್ಯಾಗ ಊಟಿಲ್ಲ, ನೀರೂ ಇಲ್ಲ” ಎಂದಳು.

ಆಮೇಲೆ ಅವನ ಕಡೆ ತಿರುಗಿದಳು.

“ನಾಳಿ ಹೊತ್ತ ಇರೂದ್ರಾಗ ಬಾಪಾ. ಅಪ್ಪಾ ಅವ್ವನ್ನೂ ಕರಕೊಂಡ ಬಾ.”

“ನಾಳಿ ನಾ ಮುಧೋಳಕ್ಕ...” ಎಂದು ಕಾಕಾ ಶುರುಮಾಡಿದ.

“ನಾಳಿ ನೀ ಎಲ್ಲೂ ಹೋಗೂದಿಲ್ಲ. ಮನೀಗಿ ಬೀಗರ ಬರಾವ್ರದಾರ.”

ಕಾಕಾ ಗುಂಡಿ ಹಚ್ಚಿದ ಅಂಗಿಯನ್ನೊಮ್ಮೆ ನೋಡಿದ. “ಹಂಗಾರ ನಾಳಿ ಇದನ್ನ ಮನ್ಯಾಗ ತೊಟ್ಟಗೊಳ್ತೇನಿ” ಎಂದು ಒಳಗೆ ಹೋದ.

ಜಿನದತ್ತ ಸೈಕಲ್ ಹಿಡಿದು ಹೊರಳಿದ. ಹೊಸ್ತಿಲಾಚೆ ನಿಂತು, ನನ್ನ ಕಡೆ ನೋಡಿ, ಬೇಕೆಂದೇ ಬಿಡಿಸಿ ಹೇಳಿದ.

“ಹೋಗ್ತೇನ್ರಿ.”

“ಹಂಗನಬಾರ್ದೋ” ಎಂದಳು ಆಯಿ ಗಾಬರಿಯಾಗಿ. “ಬರ್ತೇನಿ ಅನ್ನು.”

“ಅದನ್ನ ಇನ್ನ ಬರಾಕಷ್ಟ ಅಂತೇನ್ರಿ ಆಯಿ.”

ಆಯಿಗೆ ಅರ್ಥವಾಗಲಿಲ್ಲ. ನಾನು ದೀಪದ ಬತ್ತಿ ಸರಿಮಾಡುವ ನೆವದಿಂದ ಬಗ್ಗಿ ನಗು ಮುಚ್ಚಿಕೊಂಡೆ.

“ಬರ್ರಿ” ಎಂದೆ.

ಅಂದು ಅವನು ಗಾಳಿಯಿಲ್ಲದ ಸೈಕಲ್ ತಳ್ಳಿಕೊಂಡು ರಬಕವಿಯವರೆಗೆ ನಡೆಯಬೇಕಿತ್ತು. ಆದರೂ ಓಣಿಯ ಕೊನೆಯಲ್ಲಿ ಊರ ಹಾದಿ ಬಿಟ್ಟು ಕೆರೆಯ ಹಾದಿಗೆ ಹೊರಳಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ.